ಕೆಳಗಿನ ಹೊಲ, ಮೇಲಿನ ಹೊಲ

"ನಿಲ್ಲಸೋ ಮುತ್ತಪ್ಪಾ," ಎಂದು ಬದುವಿನ ಮೇಲಿಂದಲೇ ಕೂಗಿದ ಮುರಿಗೆಪ್ಪ, ಚಪ್ಪಲಿ ಕೈಯಲ್ಲಿ ಹಿಡಿದು ಕೆಳಗಿನ ಹೊಲಕ್ಕೆ ಇಳಿದ. ಮುತ್ತಪ್ಪ ಆಗಲೇ ಸಮಾಧಿಯ ಕುಣಿಯನ್ನು ಮೊಣಕಾಲುದ್ದ ತೋಡಿದ್ದ. ಹೊಳೆದಂಡೆಯ ಎರೆಮಣ್ಣು ಬೆಣ್ಣೆಯಂತೆ ಎದ್ದು ಬರುತ್ತಿತ್ತು. ಇಷ್ಟು ಸಲೀಸಾಗಿ ಸಾಗಿದ ಕೆಲಸ ನಿಲ್ಲಿಸು ಎಂದರೆ ಯಾರಿಗೆ ತಾನೇ ಅರ್ಥವಾದೀತು? ಅವನು ಸಲಿಕೆ ಊರಿ ನಿಂತು, ಜಾಗ ತಪ್ಪಾಯಿತೇ ಎಂದು ಕೇಳಿದ.

"ತಪ್ಪೋ ಖರೇನೋ ನನಗೂ ತಿಳಿವಲ್ದು," ಎಂದ ಮುರಿಗೆಪ್ಪ. "ಒಂಚೂರು ತಡಿ."

ದಡ್ಡಿ ಊರಿನ ಮನೆಯಲ್ಲಿ ಮುರಿಗೆಪ್ಪನ ಹೆಂಡತಿ ರಾಜೇಶ್ವರಿಯನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆತುಂಬ ವಿಭೂತಿ, ಕೊರಳಲ್ಲಿ ಹಾರ, ಅಂಗೈಯಲ್ಲಿ ಲಿಂಗ. ಯಮಕನಮರಡಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವಳು ಹಿಂದಿನ ಸಂಜೆ ಮನೆಗೆ ಬಂದು, ಚಹಾಕ್ಕೆ ಇಟ್ಟು, ಎದೆ ಹಿಡಿದುಕೊಂಡು ಕೂತವಳು ಮತ್ತೆ ಏಳಲಿಲ್ಲ. ಈ ಮನೆತನದವರನ್ನೆಲ್ಲ ಸತ್ತ ಮೇಲೆ ಕೆಳಗಿನ ಹೊಲದಲ್ಲೇ ಕೂಡಿಸಿ ಮಣ್ಣು ಮಾಡಿದ್ದು. ರಾಜೇಶ್ವರಿಗೂ ಮಾವನ ಬಾಜೂಕ್ಕೆ ಜಾಗ ಎಂದು ಹಿರಿಯ ದಾಯಾದಿ ಯಲ್ಲಾಲಿಂಗಪ್ಪ ಬೆಳಿಗ್ಗೆಯೇ ಮುತ್ತಪ್ಪನನ್ನು ಕಳಿಸಿದ್ದ. ಅದರಲ್ಲಿ ಕೇಳುವಂಥದ್ದೇನೂ ಇದೆಯೆಂದು ಯಾರಿಗೂ ಅನಿಸಿರಲಿಲ್ಲ.

ಅದನ್ನು ಕೆಡಿಸಿದ್ದು ಮೂಡಲಗಿಯ ಬೀಗರ ಮಾತು. ಮಗಳು ದಾನೇಶ್ವರಿಯ ಅತ್ತೆ, ತನ್ನ ಬೀಗಿತ್ತಿ ರಾಜೇಶ್ವರಿ ಪ್ರತಿ ಭಾನುವಾರ ಗೋಕಾಕಕ್ಕೆ ಹೋಗಿ ಅದೇನು ಕಲಿಯುತ್ತಿದ್ದರು ಎಂದು ಸುಮ್ಮನೆ ಕೇಳಿದ್ದಳು. ಕಂಪ್ಯೂಟರಿನ ಪಂಚಾಂಗ ಎಂದರು ಒಬ್ಬರು. ಮಳೆ ಹೇಳುವ ವಿದ್ಯೆ ಎಂದರು ಮತ್ತೊಬ್ಬರು. ದಾನೇಶ್ವರಿಯನ್ನು ಕೇಳಿದರೆ, ಅವ್ವ ಫೋನಿನಲ್ಲಿ ಹೇಳುತ್ತಿದ್ದಳು, ತಾನು ಹ್ಞೂಂ ಹ್ಞೂಂ ಎನ್ನುತ್ತಿದ್ದೆ, ಒಂದಕ್ಷರವೂ ತಿಳಿಯಲಿಲ್ಲ ಎಂದು ಅತ್ತಳು. ಅಷ್ಟು ಕೇಳಿದ್ದೇ ಮುರಿಗೆಪ್ಪ ಚಪ್ಪಲಿ ಕೈಯಲ್ಲಿ ಹಿಡಿದು ಹೊಲದ ಕಡೆಗೆ ಓಡಿದ್ದ. ಹೆಂಡತಿ ಕಲಿತದ್ದೆಲ್ಲ ಆ ಕೆಳಗಿನ ಹೊಲದ ಸಲುವಾಗಿಯೇ ಎನ್ನುವುದು ಅವನೊಬ್ಬನಿಗೆ ಗೊತ್ತಿತ್ತು.

*

ದೊಡ್ಡ ನೆರೆ ಬಂದ ವರ್ಷ ಘಟಪ್ರಭೆ ಕೆಳಗಿನ ಹೊಲದ ಮೇಲೆ ವಾರಗಟ್ಟಲೆ ನಿಂತಿತ್ತು. ನೀರು ಇಳಿದ ಮೇಲೆ ನೋಡಿದರೆ ಎಲ್ಲೆಲ್ಲೂ ಗೋಡುಮಣ್ಣು; ಬದುವಿಲ್ಲ, ಬೇವಿನ ಗಿಡವಿಲ್ಲ. ಮುರಿಗೆಪ್ಪನ ಅಪ್ಪ ಪರಪ್ಪನ ಸಮಾಧಿಯ ಕಲ್ಲು ಪಕ್ಕದವರ ಕಬ್ಬಿನಲ್ಲಿ ಸಿಕ್ಕಿತು. ಅದನ್ನು ಹೊತ್ತು ತಂದ ಮುರಿಗೆಪ್ಪ ಹೊಲದ ನಡುವೆ ಅತ್ತ ನಾಲ್ಕು ಹೆಜ್ಜೆ, ಇತ್ತ ನಾಲ್ಕು ಹೆಜ್ಜೆ ಹಾಕಿದ. ಎಲ್ಲಿ ಊರಬೇಕೆಂಬುದು ತಿಳಿಯಲಿಲ್ಲ. ಕಡೆಗೆ ಅವನ ಅವ್ವ ಕಾಶೆವ್ವ ಬಂದು, ಇಲ್ಲೇ, ನನಗೆ ಗೊತ್ತಿದೆ ಎಂದು ಕೋಲೂರಿ ತೋರಿಸಿದಳು. ಅಲ್ಲೇ ನಿಲ್ಲಿಸಿದರು. ಮುದುಕಿ ಅಂದಿನಿಂದ ಸೋಮವಾರಕ್ಕೊಮ್ಮೆ ಆ ಕಲ್ಲಿಗೆ ಹೂವು ಏರಿಸಿ ಬರುತ್ತಿದ್ದಳು.

ಅಂದು ಹೊಲದ ಅಂಚಿನಲ್ಲಿ ನಿಂತು ಗಂಡನನ್ನೇ ನೋಡುತ್ತಿದ್ದ ರಾಜೇಶ್ವರಿ, ಗೋಕಾಕದ ಒಂದು ಕಾಲೇಜಿನಲ್ಲಿ ಮಳೆ-ನೆರೆಗಳ ಲೆಕ್ಕ ಕಲಿಸುವ, ಪರಿಸರ ವಿಜ್ಞಾನದ ಅಂಕಿ-ಅಂಶಗಳ ಭಾನುವಾರದ ತರಗತಿ ಇದೆಯೆಂದು ತಿಳಿದದ್ದೇ ಹೆಸರು ಹಚ್ಚಿ ಬಂದಳು. ಹುಡುಗರಿಗೆಲ್ಲ ಲೆಕ್ಕ ತಿದ್ದಿದವಳು ಮೊದಲ ವಾರಗಳಲ್ಲಿ ಮನೆಗೆ ಬಂದು ಮುಖ ಊದಿಸಿಕೊಂಡು ಕೂಡುತ್ತಿದ್ದಳು.

"ನಮ್ಮ ಗಣಿತದಾಗ ಉತ್ತರ ಒಂದ ಇರತೈತ್ರಿ," ಎಂದಿದ್ದಳು ಒಮ್ಮೆ. "ಅಲ್ಲಿ ಉತ್ತರಾ ಬಂದ ಮ್ಯಾಲೂ, ಇದು ಎಷ್ಟು ತಪ್ಪಿರಬಹುದು ಅಂತ ಮತ್ತೊಂದು ಲೆಕ್ಕಾ ಮಾಡಬೇಕು."

ತಪ್ಪೆಂದು ಗೊತ್ತಿದ್ದರೆ ತಿದ್ದಬಾರದೇ ಎಂದು ಮುರಿಗೆಪ್ಪ ಕೇಳಿದ. ಅವಳು ನಕ್ಕಳೋ ಅತ್ತಳೋ, ಅವನಿಗೆ ಇಂದಿಗೂ ಸಂಶಯ.

*

ಮಧ್ಯಾಹ್ನಕ್ಕೆ ಸುಜಾತಾ ಬಂದಳು. ಅದೇ ಸಾಲೆಯ ವಿಜ್ಞಾನದ ಶಿಕ್ಷಕಿ, ಊರವರಿಗೆ ಬಾಯಾರು. ರಾಜೇಶ್ವರಿಯ ಜೊತೆ ಭಾನುವಾರದ ಬಸ್ಸು ಹತ್ತುತ್ತಿದ್ದವಳು. ಅವಳು ಅಳುವುದು ಮುಗಿಯುವವರೆಗೂ ಮುರಿಗೆಪ್ಪ ಕಾಯ್ದ. ಆಮೇಲೆ ಹಿತ್ತಲಿಗೆ ಕರೆದು, ಆ ಲೆಕ್ಕ ಕೊನೆಗೆ ಏನು ಹೇಳಿತು ಎಂದು ಕೇಳಿದ.

"ಅದು ಹಿಂಗ ಆಕ್ಕೈತಿ ಅಂತ ಹೇಳೂದಿಲ್ರಿ ಅಣ್ಣಾರ, ಆಗಬಹುದು ಅಂತೈತಿ," ಎಂದಳು ಸುಜಾತಾ. "ಕೆಳಗಿನ ಹೊಲಾ ಮತ್ತ ಮುಳಗೂ ಸಂಭವ ಭಾಳ ಐತಿ. ಮೇಲಿನ ಹೊಲದ್ದು ಕಡಿಮಿ. ಇಲ್ಲಂತಲ್ಲ, ಕಡಿಮಿ."

"ತನ್ನ ಎಲ್ಲಿ ಕೂಡಸಬೇಕಂತ ಏನರ ಅಂದಿದ್ಲೇನ್ರಿ ಬಾಯಾರ?"

"ಇಲ್ರಿ. ತಾ ಸಾಯೂದನ್ನ ಅಕಿ ಎಣಿಕಿಗೇ ತಗೊಂಡಿರಲಿಲ್ಲ."

ಮುರಿಗೆಪ್ಪ ಹಿತ್ತಲ ಕಲ್ಲಿನ ಮೇಲೆ ಕೂತ. ಒಂದು ಮಾತು, ಒಂದೇ ಒಂದು ಮಾತು ಬಿಟ್ಟುಹೋಗಿದ್ದರೆ ಸಾಕಿತ್ತು. ಅವನಿಗೆ ಹೆಂಡತಿಯ ಮೇಲೆ ಸಿಟ್ಟು ಬಂತು, ಸಿಟ್ಟು ಬಂದದ್ದಕ್ಕೆ ನಾಚಿಕೆಯಾಯಿತು.

*

ನೆರೆಯ ಮರುವರ್ಷ ಊರಿಗೂರೇ ಒಂದು ತಪ್ಪು ಮಾಡಿತ್ತು. ಅಂಥ ಹೊಳೆ ಹತ್ತು ವರ್ಷಕ್ಕೊಮ್ಮೆ ಬರುವಂಥದ್ದು ಎಂದು ಯಾರೋ ಸಭೆಯಲ್ಲಿ ಹೇಳಿದ್ದೇ ತಡ, ಜನ ಬೆರಳು ಮಡಚಿ ಎಣಿಸಿ ನಿಶ್ಚಿಂತರಾದರು. ಈಗ ಬಂದು ಹೋಯಿತಲ್ಲ, ಇನ್ನು ಒಂಬತ್ತು ವರ್ಷ ನಮ್ಮದೇ. ಮುರಿಗೆಪ್ಪನೂ ದಂಡೆಗೆ ಹೊಸ ಮೋಟಾರು ಕೂಡಿಸಿದ. ರಾಜೇಶ್ವರಿ ಬಡಕೊಂಡಳು. ಚೌಕಾಬಾರ ಆಟದ ಕವಡಿಗಳನ್ನು ತಂದು ಪಡಸಾಲೆಯಲ್ಲಿ ಹರವಿ, ಒಮ್ಮೆ ಚೌಕ ಬಿದ್ದ ಮಾತ್ರಕ್ಕೆ ಮುಂದಿನ ಸಲ ಬೀಳುವುದಿಲ್ಲವೇನು ಎಂದು ಮತ್ತೆ ಮತ್ತೆ ಎಸೆದು ತೋರಿಸಿದಳು. ಹತ್ತು ವರ್ಷಕ್ಕೊಮ್ಮೆ ಎಂದರೆ ಪ್ರತಿ ವರ್ಷವೂ ಹತ್ತರಲ್ಲಿ ಒಂದು ಪಾಲು ಭಯ, ಅಷ್ಟೇ.

"ಕವಡಿಗೆ ಹಿಂದಿಂದು ನೆನಪಿರೂದಿಲ್ರಿ," ಎಂದಳು.

"ಹೊಳಿಗೆ ಇರತೈತಿ," ಎಂದ ಮುರಿಗೆಪ್ಪ, ಗೆದ್ದವನ ಹಾಗೆ.

ರಾಜೇಶ್ವರಿ ಎತ್ತಿದ ಕೈ ಹಾಗೇ ಹಿಡಿದು ಯೋಚಿಸಿದಳು. ಆಮೇಲೆ, ಅದೂ ಇರಬಹುದು, ಅದಕ್ಕೆ ಬೇರೆ ಪಾಠವಿದೆಯಂತೆ, ಮುಂದಿನ ತಿಂಗಳು ಎಂದಳು. ಇವನು ಬಿದ್ದು ಬಿದ್ದು ನಕ್ಕ. ಮೋಟಾರು ಮಾತ್ರ ಮುಂದಿನ ಮಳೆಗಾಲದಲ್ಲೇ ಹೊಳೆಪಾಲಾಯಿತು.

ಇತ್ತೀಚೆಗೆ ಒಂದು ಸಲ ಕಂಪ್ಯೂಟರಿನ ಮೇಲೆ ಬರುವ ವರ್ಷಗಳ ಹೊಳೆಯ ಮಟ್ಟದ ಗೆರೆಯೊಂದನ್ನು ತೋರಿಸಿದ್ದಳು. ನಡುವೆ ಕಪ್ಪು ಗೆರೆ, ಅದರ ಎರಡೂ ಬದಿಗೆ ಅಗಲವಾದ ಬೂದುಬಣ್ಣದ ಪಟ್ಟಿ. ಮುಂದೆ ಮುಂದೆ ಹೋದಂತೆ ಪಟ್ಟಿ ಮತ್ತಷ್ಟು ಅಗಲ. ಹೊಳೆ ಯಾವ ಗೆರೆಯ ಮೇಲೆ ಬರುತ್ತದೆ ಎಂದು ಅವನು ಕೇಳಿದ. ಈ ಬೂದುಪಟ್ಟಿಯೊಳಗೆ ಎಲ್ಲೋ ಒಂದು ಕಡೆ, ಎಲ್ಲಿ ಎಂದು ನನಗೂ ಗೊತ್ತಿಲ್ಲ ಎಂದಿದ್ದಳು. ಗೊತ್ತಿಲ್ಲ ಎನ್ನುವುದನ್ನು ಅಷ್ಟು ಸಂತೋಷದಿಂದ ಹೇಳಿದ ಮನುಷ್ಯರನ್ನು ಅವನು ಕಂಡಿರಲಿಲ್ಲ.

*

"ಮ್ಯಾಲಿನ ಹೊಲದಾಗ ಕೂಡಸೂಣು," ಎಂದು ಮುರಿಗೆಪ್ಪ ಪಡಸಾಲೆಯಲ್ಲಿ ನಿಂತು ಹೇಳಿದಾಗ ಅವನ ದನಿ ಅವನಿಗೇ ಗುರುತು ಹತ್ತಲಿಲ್ಲ.

ಯಲ್ಲಾಲಿಂಗಪ್ಪ ಸಿಡಿದೆದ್ದ. ಮನೆತನವೆಲ್ಲ ಒಂದು ಕಡೆ, ಸೊಸೆಯೊಬ್ಬಳನ್ನೇ ಆ ಕಲ್ಲುಗರಸಿನಲ್ಲಿ ಕೂಡಿಸುವುದೇನು? ನಾಳೆ ನೀನು ಸತ್ತರೆ ಅಪ್ಪನ ಬಾಜೂಕ್ಕೋ, ಹೆಂಡತಿಯ ಬಾಜೂಕ್ಕೋ? ತೋಡಿದ ಕುಣಿಯನ್ನು ಖಾಲಿ ಬಿಡುತ್ತಾರೆಯೇ? ಕಡೆಯದಕ್ಕೆ ಮಾತ್ರ ಮಠದ ಅಯ್ಯನವರು ಉತ್ತರ ಕೊಟ್ಟರು: ಮಣ್ಣೆಳೆದು ನಾಲ್ಕು ದಳ ಪತ್ರಿ ಹಾಕಿದರಾಯಿತು, ಹೊತ್ತು ಮುಳುಗುವುದರೊಳಗೆ ಎಲ್ಲಾದರೂ ಒಂದು ಕಡೆ ಆಗಲಿ. ಮುರಿಗೆಪ್ಪನಿಗೆ ಒಂದೇ ಹೆದರಿಕೆ. ಅಪ್ಪನನ್ನು ಹುಡುಕಿದಂತೆ ಇವಳನ್ನೂ ಒಂದು ದಿನ ಗೋಡುಮಣ್ಣಿನಲ್ಲಿ ಹುಡುಕುವುದು ಅವನಿಂದಾಗದು.

ಕಾಶೆವ್ವ ಸೊಸೆಯ ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದಳು. ಮಗ ಮುಖ ನೋಡಿದ. ಅವಳು ನೋಡಲಿಲ್ಲ.

ಮೇಲಿನ ಹೊಲ ಗಟ್ಟಿ ಗರಸು, ಬರೀ ಕಲ್ಲುಮಣ್ಣು. ಮುತ್ತಪ್ಪ ಹಾರೆಯಿಂದ ಎಬ್ಬಿಸಬೇಕಾಯಿತು. ಒಂದೊಂದು ಏಟಿಗೂ ಕಿಡಿ. ಮುರಿಗೆಪ್ಪ ತಾನೂ ಇಳಿದು ಕಲ್ಲು ಎತ್ತಿ ಹಾಕಿದ. ಸರಿ ಮಾಡಿದೆನೋ ಇಲ್ಲವೋ ಎಂಬ ಗುಂಗಿನಲ್ಲಿ, ಕೈ ಕೆತ್ತಿ ರಕ್ತ ಬಂದದ್ದೂ ತಿಳಿಯಲಿಲ್ಲ. ಕುಣಿ ಎದೆಮಟ್ಟಕ್ಕೆ ಬರುವ ಹೊತ್ತಿಗೆ ಏರಿನಲ್ಲಿ ಕಾಶೆವ್ವ ಕಂಡಳು. ಕೋಲೂರಿಕೊಂಡು, ಹತ್ತು ಹೆಜ್ಜೆಗೊಮ್ಮೆ ನಿಂತು ಬರುತ್ತಿದ್ದಳು. ಹಿಂದೆ ಯಲ್ಲಾಲಿಂಗಪ್ಪ. ಕೆಲಸ ನಿಲ್ಲಿಸಲಿಕ್ಕೇ ಬಂದಳೆಂದು ಮುತ್ತಪ್ಪ ಹಾರೆ ಕೆಳಗಿಟ್ಟ.

ಮುದುಕಿ ಕುಣಿಯೊಳಗೆ ಬಗ್ಗಿ ನೋಡಿದಳು. ಒಣ ಮಣ್ಣನ್ನು ಚಿಟಿಕೆಯಲ್ಲಿ ಹಿಡಿದು ತಿಕ್ಕಿದಳು. ಆಮೇಲೆ ಕುಣಿಯ ಎಡಕ್ಕೆ, ಗರಸಿನ ಮೇಲೆಯೇ, ಕಾಲು ಮಡಚಿ ಕೂತಳು.

"ಇಷ್ಟು ಜಾಗಾ ನನಗ ಇಡ್ರಿ," ಎಂದಳು.

ಪರಪ್ಪ ಕಾಕಾ ಕೆಳಗಿದ್ದಾರಲ್ಲ, ನೀನು ಅವರ ಬಾಜೂಕ್ಕೆ ಅಲ್ಲವೇ ಎಂದು ಯಲ್ಲಾಲಿಂಗಪ್ಪ ಹೌಹಾರಿದ.

"ಕೆಳಗ ಎಲ್ಲಿ ಅದಾರ? ತೋರಸು, ನೋಡೋಣಂತ." ಕಾಶೆವ್ವ ದನಿ ಏರಿಸಲಿಲ್ಲ. "ಅವತ್ತ ಮುರಿಗ್ಯಾ ಕಲ್ಲು ಹೊತ್ತು ತಿರಗೂದು ನೋಡಲಾರದ, ಇಲ್ಲೇ ಅಂದೆ. ನನಗೇನ ಗೊತ್ತಿತ್ತು? ನನ್ನ ಸೊಸಿಗೆ ಅದು ಸುಳ್ಳಂತ ಗೊತ್ತಾಗಿತ್ತು. ಒಂದ ದಿನಾನೂ ಬಾಯಿ ಬಿಡಲಿಲ್ಲ, ಸೋಮವಾರಕ್ಕೊಮ್ಮಿ ಹೂವ ಕಟ್ಟಿ ಕೊಟ್ಲು."

ಕೆಳಗೆ ಊರಿನ ಕಡೆಯಿಂದ ಭಜನೆಯ ತಾಳ ಕೇಳತೊಡಗಿತು, ರಾಜೇಶ್ವರಿಯನ್ನು ಎತ್ತಿದ್ದರು. ಮುತ್ತಪ್ಪ ಸಲಿಕೆಯ ಮೂಲೆಯಿಂದ, ಸೀರೆಯ ಸೆರಗಿಗೆ ತಾಗದ ಹಾಗೆ, ಕೂತ ಮುದುಕಿಯ ಸುತ್ತ ನೆಲದ ಮೇಲೆ ಒಂದು ಗೆರೆ ಎಳೆದ. ಮುರಿಗೆಪ್ಪ ಕುಣಿಯಿಂದ ಮೇಲೆ ಬಂದು ಬಲಗಡೆಗೆ ಹೋದ. ಅಲ್ಲಿ ಬಂಡೆಯೊಂದು ಅಡ್ಡ ಇತ್ತು. ಅದನ್ನು ಒಮ್ಮೆ ಅಲುಗಿಸಿ ನೋಡಿ, ಬಿಟ್ಟು, ಉಳಿದಷ್ಟು ಜಾಗದಲ್ಲಿ ತಾನೂ ಕಾಲು ಮಡಚಿ ಕೂತ, ತನಗೆ ಅಷ್ಟು ಸಾಕಾಗುತ್ತದೋ ಇಲ್ಲವೋ ಎಂದು.