ಕರಡಿಯ ಗುಡ್ಡಕ್ಕೆ ಕೈಗೊಗ್ಗುವ ಪಿಸ್ತೂಲು

ಗುಡ್ಡದ ಮೇಲೆ ನೀಲಿ ಹಣ್ಣು ಬಲಿಯಿತೆಂದರೆ ನಮ್ಮ ಕೊಡಿಯಾಕ್ ದ್ವೀಪದ ಹಳ್ಳಿಗಳಲ್ಲಿ ಎರಡೇ ಮಾತು. ಯಾರ ಮನೆಯವರು ಎಷ್ಟು ಹಣ್ಣು ತಂದರು, ಕರಡಿ ಯಾರಿಗೆ ಎಲ್ಲಿ ಕಂಡಿತು. ಹಣ್ಣು ನಮಗೂ ಬೇಕು, ಅದಕ್ಕೂ ಬೇಕು. ಚಳಿಗಾಲ ನಮಗೂ ಬರುತ್ತದೆ, ಅದಕ್ಕೂ ಬರುತ್ತದೆ. ಇದರಲ್ಲಿ ಯಾರನ್ನು ಬೈಯುವುದು ಹೇಳಿ.

ನಮ್ಮೂರಿನ ಪೆಲಗೇಯಾಳ ಗಂಡ ಲಾರಿಯನ್ ಹೋದ ವರ್ಷ ಇದೇ ಕಾಲದಲ್ಲಿ ಕರಡಿಗೆ ಸಿಕ್ಕಿ ಸತ್ತ. ಹಣ್ಣು ಕೀಳಲು ಒಬ್ಬನೇ ಹೋಗಿದ್ದ. ಸಂಜೆಯಾದರೂ ಬಾರದಿದ್ದಾಗ ಊರಿನ ಗಂಡಸರು ಹುಡುಕಿಕೊಂಡು ಹೊರಟರು. ಅವನು ಸಿಕ್ಕ ಜಾಗದಲ್ಲೇ ಅವನಪ್ಪ ಮಕಾರ್ ಕೊಟ್ಟಿದ್ದ ದೊಡ್ಡ ರಿವಾಲ್ವರ್ ಬಿದ್ದಿತ್ತು. ಆರು ಗುಂಡಿನಲ್ಲಿ ಒಂದೇ ಹಾರಿತ್ತು, ಅದೂ ತಲೆಯ ಮೇಲಿನ ಕೊಂಬೆಯನ್ನು ಸೀಳಿಕೊಂಡು ಹೋಗಿತ್ತು. ಶವದ ಪೆಟ್ಟಿಗೆಯನ್ನು ಮುಚ್ಚಿಯೇ ಚರ್ಚಿಗೆ ತಂದರು. ಪೆಲಗೇಯಾಳಿಗೆ ಗಂಡನ ಮುಖ ನೋಡಲು ಬಿಡಲಿಲ್ಲ. ಇದಕ್ಕಿಂತ ಹೆಚ್ಚು ಹೇಳಲು ನನಗೂ ಮನಸ್ಸಿಲ್ಲ.

ಈಗ ಮತ್ತೆ ಹಣ್ಣಿನ ಕಾಲ. ನಮ್ಮೂರಲ್ಲಿ ಪ್ರತಿ ಮನೆಗೂ ಅದರದೇ ಇಳಿಜಾರು ಇದೆ. ಅಜ್ಜಂದಿರ ಕಾಲದಿಂದ ಬಂದದ್ದು. ಒಬ್ಬರ ಪೊದೆಗೆ ಇನ್ನೊಬ್ಬರು ಕೈ ಹಾಕುವುದಿಲ್ಲ. ಹಾಕು ಎಂದು ಕರೆಯುವುದೂ ಇಲ್ಲ, ಕರೆದರೆ ಎದುರಿನವರಿಗೆ ಕೈಲಾಗದು ಎಂದ ಹಾಗೆ. ಹಾಗಾಗಿ ಪೆಲಗೇಯಾ ಹೋಗಬೇಕಾದದ್ದು ಲಾರಿಯನ್ ಸತ್ತ ಇಳಿಜಾರಿಗೇ. ಹೋಗದಿದ್ದರೆ ಚಳಿಗಾಲಕ್ಕೆ ಹಣ್ಣಿಲ್ಲ, ಗಂಡನ ವರ್ಷದ ಪ್ರಾರ್ಥನೆಯ ದಿನ ಬಂದವರ ಮುಂದೆ ಇಡಲೂ ಇಲ್ಲ. ಹೋದರೆ, ಮನೆಯಲ್ಲಿ ಆರು ವರ್ಷದ ಮಾರ್ಫಾ ಇದ್ದಾಳೆ. ಅಮ್ಮ ಬೂಟು ಕಟ್ಟಲು ಕೂತರೆ ಸಾಕು, ಮಗು ಬಂದು ಲಾಡಿ ಹಿಡಿದುಕೊಂಡು ಕೇಳುತ್ತದೆ: "ನೀನೂ ಅಪ್ಪನ ಹಂಗೆ ಬರಲ್ವಾ?"

ಒಂದು ಬೆಳಿಗ್ಗೆ ಮಕಾರ್ ಬಂದು ಅಡುಗೆಮನೆಯ ಮೇಜಿನ ಮೇಲೆ ಆ ರಿವಾಲ್ವರ್ ಇಟ್ಟ.

"ತಗೊಂಡೋಗು ಇದನ್ನ."

ಪೆಲಗೇಯಾ ಮೀನಿನ ಕಡುಬಿಗೆ ಹಿಟ್ಟು ನಾದುತ್ತಿದ್ದಳು. ಮೇಜಿನ ಕಡೆ ತಿರುಗಿ ನೋಡಲಿಲ್ಲ.

"ಅದು ಬೇಡ, ಮಾವ."

"ಬೇಡ ಅಂದ್ರೆ? ಕರಡಿ ಬಂದ್ರೆ ಸೌಟು ಬೀಸ್ತೀಯಾ?"

"ಅವ್ರನ್ನ ಉಳಿಸ್ಲಿಲ್ವಲ್ಲ ಅದು."

"ಗನ್ನಿಂದೇನು ತಪ್ಪು? ಅವ್ನು ತಡ ಮಾಡ್ದ. ಇದರ ಗುಂಡು ಒಂದು ಬಿದ್ರೆ ತಿಮಿಂಗಿಲಾನೂ ಮಲಗುತ್ತೆ."

"ಬಿದ್ರೆ ತಾನೆ," ಎಂದು ಬಾಗಿಲಿನಿಂದ ಇನ್ನೊಂದು ದನಿ ಬಂತು. ಪಕ್ಕದ ಮನೆಯ ಅಗಾಫ್ಯಾ. ಬೇಸಿಗೆಯೆಲ್ಲ ಹೊಳೆಯ ಕಟ್ಟೆಯ ಮೇಲೆ ಕೂತು, ಮೇಲೇರಿ ಬರುವ ಸಾಮನ್ ಮೀನು ಎಣಿಸುವುದು ಅವಳ ಕೆಲಸ. ಮೀನಿದ್ದಲ್ಲಿ ಕರಡಿ. ಅವಳ ಅರ್ಧ ಆಯುಷ್ಯ ಅವುಗಳ ಎದುರಿಗೇ ಕಳೆದಿದೆ.

"ಬಂದ್ಲಪ್ಪ ಮೀನೆಣಿಸೋಳು," ಮಕಾರ್ ಮುಖ ಸಿಂಡರಿಸಿದ. "ಅಲ್ಲಿ ಮೀನೆಣಿಸ್ತೀಯೋ, ಕರಡಿ ಹಲ್ಲೆಣಿಸ್ತೀಯೋ?"

"ಎರಡೂನು, ಮಕಾರಣ್ಣ. ಅದ್ಕೇ ಇನ್ನೂ ಟೀ ಕುಡಿಯೋಕೆ ಬರ್ತಾ ಇದೀನಿ." ಅವಳು ಕುರ್ಚಿ ಎಳೆದು ಕೂತಳು. "ಇದನ್ನ ನೀನು ಎಷ್ಟು ಸಲ ಹಾರ್ಸಿದೀಯ, ಹೇಳು."

"ಹಾರ್ಸಿದೀನಿ."

"ಎಷ್ಟು ಸಲ?"

"ಒಂದ್ಸಲ. ಮಣಿಕಟ್ಟು ಊದ್ಕೊಂಡು ವಾರ ಬಲೆ ಎಳೆಯೋಕಾಗ್ಲಿಲ್ಲ." ಅದನ್ನು ಅವನು ಹೆಮ್ಮೆಯಿಂದಲೇ ಹೇಳಿದ.

"ಲಾರಿಯನ್?"

ಮಕಾರ್ ಕಿಟಕಿಯ ಕಡೆ ನೋಡಿದ. "ಕೊಟ್ಟ ದಿನ ಒಂದು ಹಾರಿಸ್ದ. ಗುಂಡು ದುಬಾರಿ, ಸುಮ್ನೆ ಯಾಕೆ ದಂಡ ಅಂತ ನಾನೇ ಸಾಕು ಅಂದೆ."

ಪೆಲಗೇಯಾಳ ಕೈ ಹಿಟ್ಟಿನಲ್ಲೇ ನಿಂತಿತು. ಅವಳಿಗೆ ಮಾವನ ಮೇಲೆ ಸಿಟ್ಟು ಉಕ್ಕಿ ಬಂತು. ಆದರೆ ಆ ಮುದುಕನ ಮುಖ ನೋಡಿ ಸಿಟ್ಟನ್ನು ನುಂಗಿಕೊಂಡಳು.

"ನಾಳೆ ಕಡಲ ದಂಡೆಗೆ ಬನ್ನಿ ಇಬ್ರೂ," ಅಗಾಫ್ಯಾ ಎಂದಳು. "ಪೆಲಗೇಯಾ, ಹಣ್ಣು ಕೀಳೋಕೆ ಹೋಗುವಾಗ ಹೆಂಗೆ ಹೋಗ್ತೀಯೋ ಹಂಗೇ ಬಾ. ಮಳೆಕೋಟು, ಬಕೆಟ್ಟು, ಎಲ್ಲ."

ಮಾರನೆಯ ದಿನ ತುಂತುರು ಮಳೆ. ಅಗಾಫ್ಯಾ ದಂಡೆಯಲ್ಲಿ ಬೋರಲು ಹಾಕಿದ್ದ ದೋಣಿಯ ಮೇಲೆ ತನ್ನ ಮೂರು ಪಿಸ್ತೂಲು ಸಾಲಾಗಿಟ್ಟಿದ್ದಳು. ಮೂರೂ ಖಾಲಿ. ಮೂರೂ ರಿವಾಲ್ವರ್‌ನಂತೆ ಸುತ್ತುವ ಗುಂಡಿನಮನೆ ಇಲ್ಲದವು. ಹಿಡಿಯೊಳಗೆ ಕೂರುವ ಮ್ಯಾಗಝೀನ್ ಎಂಬ ಡಬ್ಬಿಯಿಂದ ಗುಂಡು ತಾನೇ ಮೇಲೆ ಬರುವಂಥವು.

"ಪೊಲೀಸರ ಆಟಿಕೆ," ಮಕಾರ್ ಗೊಣಗಿದ.

ಪೆಲಗೇಯಾ ಮೊದಲು ಚಿಕ್ಕದನ್ನು ಎತ್ತಿಕೊಂಡಳು. ಹಗುರ, ಅಂಗೈಯಲ್ಲಿ ಕೂತಿತು.

"ಚೆನ್ನಾಗಿದೆ ಇದು."

"ಚೆನ್ನಾಗಿದೆ, ಪಟ್ಟಣದಲ್ಲಿ ಕಳ್ಳರಿಗೆ. ಕರಡಿಯ ಭುಜದ ಮೂಳೆ ದಾಟೋ ಶಕ್ತಿ ಇದ್ರ ಗುಂಡಿಗೆ ಕಡಿಮೆ. ಬೇರೇನೂ ಹಿಡಿಯೋಕಾಗಲ್ಲ ಅನ್ನೋರಿಗೆ ಮಾತ್ರ."

ಎರಡನೆಯದು ಭಾರ. ಗುಂಡೇರಿಸುವ ಮೇಲಿನ ಸ್ಲೈಡನ್ನು ಹಿಂದಕ್ಕೆ ಎಳೆಯಲು ಹೋದರೆ ಒದ್ದೆ ಕೈ ಜಾರಿತು. ಟ್ರಿಗರ್‌ಗೆ ಬೆರಳ ತುದಿಯಷ್ಟೇ ಮುಟ್ಟಿತು.

"ಇಡು ಅದನ್ನ. ಶಕ್ತಿ ಇದೆ, ನಿನ್ನ ಕೈಗಲ್ಲ. ಒಣ ಕೈಯಲ್ಲಿ ಅಂಗಡೀಲಿ ಎಳೆದು ನೋಡಿ ತರ್ತಾರೆ ಜನ. ಕರಡಿ ಬರೋದು ಮಳೆಯಲ್ಲಿ."

ಮೂರನೆಯದು ಹತ್ತು ಮಿಲಿಮೀಟರ್ ಗುಂಡಿನ ಪಿಸ್ತೂಲು. ಹಿಡಿ ಸ್ವಲ್ಪ ತೆಳ್ಳಗೆ. ಒದ್ದೆ ಕೈಯಲ್ಲೂ ಸ್ಲೈಡ್ ಎಳೆಯಲು ಬಂತು, ಬೆರಳು ಟ್ರಿಗರ್ ಮೇಲೆ ಸರಿಯಾಗಿ ಕೂತಿತು. ಅಗಾಫ್ಯಾ ಹದಿನೈದು ಗುಂಡು ತುಂಬಿದಳು. ಪೆಲಗೇಯಾ ಎರಡೂ ಕೈಯಲ್ಲಿ ಹಿಡಿದು ದಂಡೆಯಂಚಿನ ಮಣ್ಣಿನ ದಿಬ್ಬದ ಬುಡಕ್ಕೆ ಹಾರಿಸಿದಳು. ಪಿಸ್ತೂಲು ಒದೆಯಿತು. ಆದರೆ ಮತ್ತೆ ಗುರಿಗೆ ಬಂತು. ಮೂರನೆಯ ಗುಂಡಿಗೆ ಪಿಸ್ತೂಲು ಸಿಕ್ಕಿಕೊಂಡಿತು.

"ನೋಡ್ದ್ಯಾ?" ಮಕಾರ್ ಚಪ್ಪಾಳೆ ತಟ್ಟುವುದೊಂದು ಬಾಕಿ. "ರಿವಾಲ್ವರ್ ಹಿಂಗೆ ಕೈಕೊಡಲ್ಲ."

"ನಿಜ ಮಕಾರಣ್ಣ. ಇನ್ನೊಂದೂ ಹೇಳ್ತೀನಿ, ಕರಡಿ ಮೈಮೇಲೆ ಬಿದ್ದಾಗ ಇದರ ಮೂತಿ ಅದರ ಮೈಗೆ ಒತ್ತಿದ್ರೆ ಗುಂಡು ಹಾರದೇ ಇರ್ಬಹುದು. ರಿವಾಲ್ವರ್ ಹಾರುತ್ತೆ. ಇವ್ಳ ಕೈಗೆ ಅದು ಪಳಗಿದ್ರೆ ಅದನ್ನೇ ಇಟ್ಕೋ ಅಂತಿದ್ದೆ." ಅವಳು ಪೆಲಗೇಯಾಳ ಮಣಿಕಟ್ಟು ಹಿಡಿದು ತೋರಿಸಿದಳು. "ಮಣಿಕಟ್ಟು ಸಡಿಲ ಬಿಟ್ಟೆ, ಅದ್ಕೇ ಸಿಕ್ಕಿಕೊಳ್ತು. ಗಟ್ಟಿ ಹಿಡಿ. ಸಿಕ್ಕಿಕೊಂಡ್ರೆ ಹಿಡಿಯ ಬುಡಕ್ಕೆ ಗುದ್ದು, ಸ್ಲೈಡ್ ಎಳಿ, ಮತ್ತೆ ಹಾರಿಸು. ಯೋಚನೆ ಮಾಡದೆ ಕೈ ತಾನೇ ಮಾಡೋ ತನಕ ಕಲಿ."

ಗುಂಡಿನ ವಿಷಯವನ್ನೂ ಹೇಳಿದಳು. ಮೂತಿಯಲ್ಲಿ ಗುಳಿಯಿದ್ದು, ಬಡಿದಾಗ ಹೂವಿನಂತೆ ಅರಳುವ ಗುಂಡು ಬೇಡ. ಅದು ಕೊಬ್ಬಿನಲ್ಲೇ ನಿಂತುಬಿಡುತ್ತದೆ. ಚಪ್ಪಟೆಯಾಗದ ಗಟ್ಟಿ ಸೀಸದ ಗುಂಡು ಬೇಕು, ಅದು ಮೂಳೆ ದಾಟಿ ಒಳಗೆ ಹೋಗುತ್ತದೆ. ತಂದ ಗುಂಡು ನಿಮ್ಮದೇ ಪಿಸ್ತೂಲಿನಲ್ಲಿ ಸಿಕ್ಕಿಕೊಳ್ಳದೆ ಹಾರುತ್ತದೆಯೇ ಎಂದು ಮೊದಲೇ ಹಾರಿಸಿ ನೋಡಬೇಕು.

ಆಮೇಲೆ ಒಂದು ಪೀಪಾಯಿಗೆ ಉದ್ದ ಹಗ್ಗ ಕಟ್ಟಿ ದಿಬ್ಬದ ಬುಡದಲ್ಲಿಟ್ಟಳು. ಹಗ್ಗದ ತುದಿ ಅವರ ಬೆನ್ನ ಹಿಂದೆ ನಿಂತ ಅವಳ ನಾಲ್ಕು ಗಾಲಿಯ ಗಾಡಿಗೆ. ಗಾಡಿ ಓಡಿದರೆ ಪೀಪಾಯಿ ಕುಪ್ಪಳಿಸುತ್ತ ಎದುರಿಗೇ ನುಗ್ಗಿ ಬರುತ್ತದೆ.

"ಇದೇ ಕರಡಿ. ಮೊದಲ ಸಲ ಖಾಲಿ ಪಿಸ್ತೂಲು. ಸುಮ್ನೆ ತೆಗೆದು ಗುರಿ ಹಿಡಿ, ಸಾಕು."

ಪೆಲಗೇಯಾ ಪಿಸ್ತೂಲನ್ನು ಎದೆಯ ಮೇಲಿನ ಚೀಲದಲ್ಲಿಟ್ಟು ಪಟ್ಟಿ ಬಿಗಿದಳು. ಅದರ ಮೇಲೆ ಮಳೆಕೋಟು. ಅದರ ಮೇಲೆ, ಎರಡೂ ಕೈ ಬಿಡುವಾಗಿರಲೆಂದು ನಮ್ಮ ಹೆಂಗಸರೆಲ್ಲ ಹಾಕಿಕೊಳ್ಳುವಂತೆ, ಹಣ್ಣಿನ ಬಕೆಟ್ಟನ್ನು ಕೊರಳಿಗೆ ನೇತುಹಾಕಿಕೊಂಡಳು.

ಅಗಾಫ್ಯಾ ಗಾಡಿ ಏರಿದಳು, ಅದು ಗುರ್ರೆಂದಿತು. ಪೀಪಾಯಿ ಹಾರಿತು. ಪೆಲಗೇಯಾಳ ಕೈ ಎದೆಗೆ ಹೋಯಿತು. ಬಕೆಟ್ಟಿಗೆ ಬಡಿಯಿತು. ಬಕೆಟ್ಟನ್ನು ಪಕ್ಕಕ್ಕೆ ತಳ್ಳಿದಳು, ಕೋಟಿನ ಗುಂಡಿ ಹುಡುಕಿದಳು. ಅಷ್ಟರಲ್ಲಿ ಪೀಪಾಯಿ ಅವಳ ಬೂಟಿನ ಪಕ್ಕದಿಂದ ಉರುಳಿ ಹಿಂದಕ್ಕೆ ಹೋಗಿತ್ತು.

ಅಗಾಫ್ಯಾ ಗಾಡಿ ನಿಲ್ಲಿಸಿ ಹಿಂದಿರುಗಿ ಬಂದಳು. ಪೆಲಗೇಯಾ ಮೆಲ್ಲಗೆ ಎಂದಳು: "ಸತ್ತೆ ನಾನು."

"ಸತ್ತೆ," ಎಂದಳು ಅಗಾಫ್ಯಾ. "ಮಾರ್ಫಾಗೆ ಇನ್ನು ಯಾರೂ ಇಲ್ಲ. ನಾಳೆಯಿಂದ ಕೋಟಿನ ಮೇಲೆ ಪಿಸ್ತೂಲು, ಬಕೆಟ್ಟು ಸೊಂಟದ ಪಕ್ಕಕ್ಕೆ."

ಮಕಾರ್ ಹಟ ಬಿಡಲಿಲ್ಲ. ತನ್ನ ರಿವಾಲ್ವರ್‌ಗೆ ಗುಂಡು ತುಂಬಿ ಮುಂದೆ ಬಂದು ನಿಂತ. ಪೀಪಾಯಿ ಬಂತು. ಒಂದು ಗುಂಡು ಸಿಡಿಲಿನಂತೆ ಹೋಗಿ ದಿಬ್ಬದ ನೆತ್ತಿಗೆ ಬಡಿಯಿತು. ಮೂತಿ ಆಕಾಶಕ್ಕೆ ಎದ್ದಿತು. ಅದನ್ನು ಕೆಳಗಿಳಿಸುವಷ್ಟರಲ್ಲಿ ಪೀಪಾಯಿ ಅವನನ್ನು ದಾಟಿಹೋಗಿತ್ತು. ಐದು ಗುಂಡು ಹಾಗೇ ಉಳಿದಿದ್ದವು.

ಅವನು ದೋಣಿಯ ಮೇಲೆ ಕುಸಿದು ಕೂತ. ಮಳೆ ಮುಖದ ಮೇಲೆ ಬೀಳುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಅವ್ನಿಗೂ ಹಿಂಗೇ ಆಗಿರ್ಬೇಕು," ಎಂದ. "ತಡ ಮಾಡ್ಲಿಲ್ಲ ಅವ್ನು."

ಪೆಲಗೇಯಾ ಹೋಗಿ ಮಾವನ ಪಕ್ಕ ಕೂತಳು. ಅವನ ಕೈಯಿಂದ ರಿವಾಲ್ವರ್ ತೆಗೆದುಕೊಂಡು ಉಳಿದ ಐದು ಗುಂಡನ್ನು ಹೊರಗೆ ಸುರಿದಳು.

ಅಗಾಫ್ಯಾ ಆ ಮೂರನೆಯ ಪಿಸ್ತೂಲನ್ನು ಪೆಲಗೇಯಾಳಿಗೇ ಬಿಟ್ಟುಕೊಟ್ಟಳು. ಆಮೇಲೆ ಅವಳು ದಿನಾ ದಂಡೆಗೆ ಬಂದಳು. ಗುಂಡಿಗೆ ಹಣ ಬೇಕಲ್ಲ ಎಂದಾಗ ಮಕಾರ್ ತಾನೇ ತಂದುಕೊಟ್ಟ. ಮನೆಯಲ್ಲಿ ಮಾರ್ಫಾ ಇರುವುದರಿಂದ ಕಬ್ಬಿಣದ ಪೆಟ್ಟಿಗೆ ಬಂತು. ಹೊಸ್ತಿಲು ದಾಟುವ ಮೊದಲು ಗುಂಡೆಲ್ಲ ಹೊರಗೆ, ಪಿಸ್ತೂಲು ಬೀಗದೊಳಗೆ, ಕೀಲಿ ಪೆಲಗೇಯಾಳ ಕೊರಳಲ್ಲಿ.

"ಇಷ್ಟೆಲ್ಲ ಆದ್ಮೇಲೂ ಪಿಸ್ತೂಲು ಕೊನೇದು," ಎಂದು ಅಗಾಫ್ಯಾ ಒತ್ತಿ ಹೇಳಿದಳು. "ಒಬ್ಳೇ ಹೋಗ್ಬೇಡ. ದಾರೀಲಿ ಮಾತಾಡ್ತಾ ಹೋಗಿ, ಮನುಷ್ಯರು ಬಂದ್ರು ಅಂತ ಅದಕ್ಕೆ ಗೊತ್ತಾಗ್ಲಿ. ಗೊತ್ತಾದ್ರೆ ಅದೇ ದಾರಿ ಬಿಡುತ್ತೆ. ಖಾರದ ಸ್ಪ್ರೇ ಒಬ್ರ ಕೈಯಲ್ಲಿರ್ಲಿ. ಎಷ್ಟೋ ಸಲ ಅದೇ ಸಾಕು. ಗಾಳಿ ಮಾತ್ರ ನೋಡ್ಕೊಳ್ಳಿ."

"ನಾನು ಹೋಗ್ತೀನಿ ಜೊತೆಗೆ," ಎಂದ ಮಕಾರ್. "ಆ ಖಾರದ ಡಬ್ಬಿ ನಂಗೆ ಕೊಡು."

ಇಬ್ಬರೂ ಹೋದದ್ದು ಬೆಳಗಿನ ಹೊತ್ತು. ಮಕಾರ್ ದಾರಿಯುದ್ದಕ್ಕೂ ಹಳೆಯ ಹಾಡು ಒದರುತ್ತ, ಮಧ್ಯೆ ಮಧ್ಯೆ ಅಗಾಫ್ಯಾಳನ್ನು ಬೈಯುತ್ತ ನಡೆದ. ಪೆಲಗೇಯಾಳಿಗೆ ನಗು ಕೂಡ ಬಂತು. ಇಳಿಜಾರು ತಲುಪಿದಾಗ ಅವನ ಹಾಡು ತಾನಾಗಿ ನಿಂತಿತು. ಅದೇ ಪೊದೆಗಳು. ಹಣ್ಣು ಕಪ್ಪಗೆ ಜೋತುಬಿದ್ದಿತ್ತು. ಇಬ್ಬರೂ ಮಾತಿಲ್ಲದೆ ಕೀಳತೊಡಗಿದರು. ದುಃಖಕ್ಕೆ ಬಾಯಿ ಕಟ್ಟಿಹೋಗಿತ್ತು, ಅವರನ್ನು ಬೈಯಲಾರೆ. ಆದರೆ ಬಾಯಿ ಕಟ್ಟಬಾರದಿದ್ದ ಜಾಗ ಅದೇ. ಪಕ್ಕದಲ್ಲಿ ತೊರೆ ಭೋರೆನ್ನುತ್ತಿತ್ತು. ಪೊದೆಯ ಆಚೆ ಇದ್ದ ಕರಡಿಗೆ ಇವರು ಬಂದದ್ದು ಕೇಳಿಸಲೇ ಇಲ್ಲ.

ಪೊದೆ ಅಲುಗಿತು. ತಲೆ ಕಂಡಿತು. ಮರುಕ್ಷಣ ಅದು ನುಗ್ಗಿ ಬಂತು.

ಮಕಾರ್ ಸ್ಪ್ರೇ ಒತ್ತಿದ. ಕಡಲಿನ ಗಾಳಿ ಎದುರಿನಿಂದ ಬೀಸುತ್ತಿತ್ತು. ಖಾರದ ಹೊಗೆ ತಿರುಗಿ ಅವನ ಕಣ್ಣಿಗೇ ತುಂಬಿತು, ಅವನು ಮುಖ ಮುಚ್ಚಿಕೊಂಡು ಮಂಡಿಯೂರಿದ. ಪೆಲಗೇಯಾಳ ಕೈ ಕಲಿತದ್ದನ್ನು ಮರೆಯಲಿಲ್ಲ. ಪಿಸ್ತೂಲು ಹೊರಗೆ ಬಂತು. ಒಂದು, ಎರಡು. ಕರಡಿ ನಿಲ್ಲಲಿಲ್ಲ. ಮತ್ತೆ, ಮತ್ತೆ. ಅದು ಮುಗ್ಗರಿಸಿ, ಎದ್ದು, ಮತ್ತೆ ಬಂದು ಮಕಾರನ ಬೂಟಿನ ಹತ್ತಿರ ಬಿತ್ತು. ಪೆಲಗೇಯಾ ಅದು ಪೂರ್ತಿ ಅಲುಗಾಡದಾಗುವ ತನಕ ಹಾರಿಸಿದಳು.

"ಮಗಳೇ, ಇದೀಯಾ?" ಕಣ್ಣು ಬಿಡಲಾರದ ಮಕಾರ್ ಕೈಯಾಡಿಸುತ್ತ ಕೂಗಿದ.

"ಇದೀನಿ ಮಾವ. ಇಬ್ರೂ ಇದೀವಿ."

ಆಗ ಪೊದೆಯ ಆಚೆಯಿಂದ ಅಳು ಕೇಳಿಸಿತು. ಎರಡು ಮರಿ, ಈ ವರ್ಷ ಹುಟ್ಟಿದವು. ತಾಯಿಯ ಹತ್ತಿರ ಬರಲು ಹೆದರಿ, ಬಿಟ್ಟು ಹೋಗಲೂ ಆಗದೆ ಅಲ್ಲೇ ಸುತ್ತುತ್ತಿದ್ದವು.

ಜೀವ ಉಳಿಸಿಕೊಳ್ಳಲು ಕರಡಿ ಕೊಂದವರು ಅದರ ಚರ್ಮ, ತಲೆಬುರುಡೆ ಬಿಡಿಸಿ ಸರ್ಕಾರಕ್ಕೆ ಒಪ್ಪಿಸಬೇಕು, ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಕಾನೂನು. ಸುದ್ದಿ ಮುಟ್ಟಿ ಅಗಾಫ್ಯಾ ಬಂದಳು. ಮಕಾರ್ ತೊರೆಯಲ್ಲಿ ಕಣ್ಣು ತೊಳೆದುಕೊಂಡ ಮೇಲೆ ಮೂವರೂ ಕೂತು ಚರ್ಮ ಸುಲಿದರು. ಕರಡಿಯ ಮೊಲೆಯಿಂದ ಹಾಲು ಪೆಲಗೇಯಾಳ ಕೈಮೇಲೆ ಹರಿಯಿತು. ಅವಳು ಚಾಕು ಕೆಳಗಿಟ್ಟು ಅತ್ತಳು. ಗಂಡ ಸತ್ತಾಗಲೂ ಅವಳು ಹಾಗೆ ಅತ್ತದ್ದನ್ನು ಊರು ಕಂಡಿರಲಿಲ್ಲ.

"ಬೇರೆ ದಾರಿ ಇರ್ಲಿಲ್ಲ ಕಣಮ್ಮ," ಎಂದ ಮಕಾರ್.

"ಇತ್ತು ಮಾವ. ನಾವು ಮಾತಾಡ್ತಾ ಇರ್ಬೇಕಿತ್ತು."

ಅಗಾಫ್ಯಾ ಅದನ್ನು ಅಲ್ಲಗಳೆಯಲಿಲ್ಲ. ಮರಿಗಳು ಚಳಿಗಾಲ ಕಾಣುವುದಿಲ್ಲ ಎಂಬುದು ಮೂವರಿಗೂ ಗೊತ್ತಿತ್ತು. ಪೆಲಗೇಯಾ ಮನೆ ತಲುಪಿದಾಗ ಮಾರ್ಫಾ ಓಡಿ ಬಂದು ಕಾಲು ತಬ್ಬಿಕೊಂಡಳು, ಬಹಳ ಹೊತ್ತು ಬಿಡಲಿಲ್ಲ.

ಗುಡ್ಡಕ್ಕೆ ಹೊರಟ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಬೇರೆಯವರು ಹೊಗಳಿದ ಪಿಸ್ತೂಲು ಬೇಡ, ನಿಮ್ಮ ಒದ್ದೆ ಕೈಗೆ ಬಗ್ಗುವ ಪಿಸ್ತೂಲು ಆರಿಸಿಕೊಳ್ಳಿ. ಗಟ್ಟಿ ಗುಂಡು ತುಂಬಿ. ಕೋಟಿನ ಮೇಲೆ, ಏನೂ ಅಡ್ಡ ಬಾರದ ಕಡೆ ಕಟ್ಟಿಕೊಳ್ಳಿ. ಕೈ ಪಳಗುವ ತನಕ ಹಾರಿಸಿ, ಮನೆಗೆ ಬಂದರೆ ಬೀಗ ಹಾಕಿ. ಆಮೇಲೆ ಅದನ್ನು ಎಂದೂ ತೆಗೆಯಬೇಕಾಗಿ ಬಾರದಂತೆ ನಡೆದುಕೊಳ್ಳಿ. ಜೊತೆಯಾಗಿ ಹೋಗಿ, ಗಾಳಿ ನೋಡಿ, ಎದೆ ಎಷ್ಟೇ ಭಾರವಾಗಿರಲಿ ಬಾಯಿ ಮುಚ್ಚಬೇಡಿ. ಮನೆಯಲ್ಲಿ ನಿಮ್ಮ ದಾರಿ ನೋಡುವವರಿದ್ದಾರೆ. ಪೊದೆಯ ಆಚೆ ಕರಡಿಯ ದಾರಿ ನೋಡುವವರೂ ಇರುತ್ತಾರೆ.