ಕೆಮ್ಮಿಗೆ ಹಿಡಿದ ಮೈಕು

ಇದು ಇಸ್ಫಂದ್ ಬೀಜದ ಹೊಗೆಯಲ್ಲ, ಅದು ಮೈದಾನದ ಬಾಗಿಲಲ್ಲೇ ಮುಗಿಯಿತು, ದೃಷ್ಟಿ ತೆಗೆಯುತ್ತೇನೆಂದು ಸ್ವಾಗತಕ್ಕೆ ನಿಂತ ಹುಡುಗಿ ಬೀಜ ಚಟಪಟ ಸಿಡಿಯುವ ಕೆಂಡದ ಬಟ್ಟಲನ್ನು ಗಂಡ ಯದುಲ್ಲಾನ ತಲೆಯ ಸುತ್ತ ಸುಳಿಸಲು ಬಂದಾಗ ಇಸ್ಮತ್ ನಡುವೆ ನುಗ್ಗಿ ತಲೆಗೆ ಹೊದ್ದ ಚಾದರದ ಅಂಚಿನಿಂದ ಬೀಸಿ ಹೊಗೆಯನ್ನು ಅತ್ತ ಅಟ್ಟಿದ್ದಳು, ಅವನು ಆಗಲೇ ಗುರಾಯಿಸಿದ್ದ, ಶುರುವಾಯ್ತಾ ನಿಂದು ಅಂದಿದ್ದ ಹಲ್ಲು ಕಚ್ಚಿ, ಫೋಟೋದವನು ಎದುರಿಗಿದ್ದನಲ್ಲ — ಇದು ಬೇರೆ ವಾಸನೆ, ಪಟಾಕಿ ಮದ್ದಿನಂಥದು, ವೇದಿಕೆಯ ಹಿಂದಿನಿಂದ ಬರುತ್ತಿದೆ, ಅಲ್ಲಿ ಮರಳಿನ ಮೂಟೆ ಪೇರಿಸಿದ್ದಾರೆ, ಯುದ್ಧದ ನೆನಪಿನ ದಿನಕ್ಕೆಂದು ಶಾಲೆಯ ಹುಡುಗರು ಹಣೆಗೆ ಕೆಂಪು ಪಟ್ಟಿ ಕಟ್ಟಿಕೊಂಡು ಮರದ ಬಂದೂಕು ಹಿಡಿದು ಕಿಸಿಕಿಸಿ ನಗುತ್ತಿದ್ದಾರೆ, ನಾಳೆ ಶಾಲೆ ಶುರು, ಇವತ್ತೇ ಯುದ್ಧ ಮುಗಿಸಿಬಿಡಬೇಕು ಪಾಪ, ಒಬ್ಬ ಒಂದು ಡಬ್ಬಿ ಹಿಡಿದು ಅತ್ತಿಂದಿತ್ತ ಓಡಾಡುತ್ತಿದ್ದಾನೆ, ಏನದು, ಬಣ್ಣದ ಡಬ್ಬಿಯೋ ಹೊಗೆಯ ಡಬ್ಬಿಯೋ, ಹೊಗೆಯದಾಗಿರಲಾರದು, ಅಷ್ಟೂ ಬುದ್ಧಿಯಿಲ್ಲವೇ, ವೇದಿಕೆಯ ಮೇಲೆ ಕೂರಿಸಿರುವುದು ಯಾರನ್ನು, ಗ್ಯಾಸು ಕುಡಿದು ಬಂದ ಮನುಷ್ಯನನ್ನು, ಹಾಗೆಂದು ಫಲಕದಲ್ಲಿ ಇವರೇ ಅವನ ಮುಖದ ಕೆಳಗೆ ದಪ್ಪಕ್ಷರದಲ್ಲಿ ಬರೆಸಿದ್ದಾರೆ. ಇಸ್ಮತ್ ಕೈಚೀಲದ ಬಾಯಿ ತೆಗೆದು ಒಳಗೆ ಕೈಹಾಕಿ ನೋಡಿದಳು, ಬಾಯಿಗೆ ಹಿಡಿಯುವ ಸ್ಪ್ರೇ ಇದೆ, ಮುಚ್ಚಿದಳು, ಮತ್ತೆ ತೆಗೆದಳು. ಸ್ಪ್ರೇ ಇಲ್ಲಿದೆ, ಬೇಕಾದವನು ಅಲ್ಲಿದ್ದಾನೆ, ನಡುವೆ ಹಗ್ಗ ಕಟ್ಟಿದ್ದಾರೆ, ಈಚೆ ಹೆಂಗಸರು ಆಚೆ ಗಂಡಸರು.

ಜೇಬಲ್ಲಿ ಇಟ್ಕೊಳ್ಳಿ ಮಹ್ದಿಯೆ ಅಪ್ಪಾ ಅಂತ ಬೆಳಿಗ್ಗೆಯಿಂದ ಬಾಯಿ ಬಡಿದುಕೊಂಡಳು, ಕೋಟಿನ ಜೇಬು ಉಬ್ಬುತ್ತೆ ಅಂದ, ಆಮ್ಲಜನಕದ ಸಿಲಿಂಡರು ಮಗಳು ಮಹ್ದಿಯೆಯ ಕಾರಿನಲ್ಲೇ ಉಳಿಯಿತು, ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು ಮಾತಾಡಿದರೆ ಜನ ನಳಿಕೆ ನೋಡ್ತಾರೆ ಇಸ್ಮತ್, ಮಾತು ಕೇಳಲ್ಲ, ಇವತ್ತೊಂದಿನ ನಾನು ರೋಗಿ ಅಲ್ಲ, ಮತ್ತೆ ಕೇಳು, ಏನೇ ಆದರೂ ನೀನು ಮೇಲೆ ಬರಕೂಡದು, ಭಾಷೆ ಕೊಡು — ಕೊಟ್ಟಳು, ಕೊಡದೆ ಏನು ಮಾಡುತ್ತಾಳೆ, ಕ್ಷೌರ ಮಾಡಿಕೊಂಡು, ಸುಟ್ಟ ಕತ್ತಿನ ಮೇಲೆ ಕಾಲರು ಸರಿಮಾಡಿಕೊಂಡು, ಮದುವಣಿಗನ ಹಾಗೆ ಕನ್ನಡಿಯ ಮುಂದೆ ನಿಂತಿದ್ದ, ನಿಜವಾದ ಮದುವೆಯ ದಿನವೂ ಇಷ್ಟು ಹೊತ್ತು ನಿಂತವನಲ್ಲ. ತಿಂಗಳಿನಿಂದ ಅಡುಗೆಮನೆಯಲ್ಲಿ ಅಭ್ಯಾಸ, ಅವಳು ಬದನೆಕಾಯಿ ಹೆಚ್ಚುತ್ತಿದ್ದರೆ ಫ್ರಿಜ್ಜಿಗೆ ಒರಗಿ ನಿಂತು ಹೇಳುವುದು, ಕೆಮ್ಮು ಬಂದಲ್ಲಿ ನಿಲ್ಲಿಸಿ ಮತ್ತೆ ಮೊದಲಿಂದ, ಈ ಊರಲ್ಲಿ ಉಸಿರಿಗೆ ಒದ್ದಾಡುವವರು ಇನ್ನೂ ಕೆಲವರು ಉಳಿದಿದ್ದೇವೆ, ನಮಗೆ ಹೂವು ಬೇಡ, ಔಷಧಿ ಸಿಗುವ ಹಾಗೆ ಮಾಡಿ, ಈ ಬೇಸಿಗೆಯಲ್ಲಿ ಸತ್ತ ನಮ್ಮ ಜೊತೆಗಾರ ಬಹ್ಮನ್ ಗಡಿಯ ಯುದ್ಧದಲ್ಲಿ ಶಲಮ್ಚೆಯ ಗುಂಡಿಯಲ್ಲಿ ಸಾಯಲಿಲ್ಲ, ಔಷಧಿ ಅಂಗಡಿಯ ಸಾಲಿನಲ್ಲಿ ಸತ್ತ, ಇಷ್ಟೇ, ಇದಕ್ಕಿಂತ ಒಂದಕ್ಷರ ಹೆಚ್ಚಿಲ್ಲ, ಹೆಚ್ಚಾದರೆ ಉಸಿರು ಸಾಲದು. ಅವಳಿಗೂ ಬಾಯಿಪಾಠವಾಗಿದೆ, ನಿದ್ದೆಯಲ್ಲಿ ಎಬ್ಬಿಸಿದರೂ ಹೇಳಿಯಾಳು. ಹಣ್ಣು ಒಣಗಿಸುವವರ ಮನೆಯ ಹುಡುಗ, ಮಲಾಯೆರ್‌ನ ಅರ್ಧ ದ್ರಾಕ್ಷಿ ತನ್ನ ಅಜ್ಜನದೇ ಅಂತ ನಿಶ್ಚಿತಾರ್ಥದಲ್ಲಿ ಜಂಬ ಕೊಚ್ಚಿದವನು, ಶಲಮ್ಚೆಯಿಂದ ಗ್ಯಾಸಿಗೆ ಬೆಂದ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಬಂದ ಮೇಲೆ ಅಪ್ಪನ ದ್ರಾಕ್ಷಿ ಒಣಗಿಸುವ ಕೊಟ್ಟಿಗೆಗೆ ಕಾಲಿಡಲಾಗಲಿಲ್ಲ, ಒಣದ್ರಾಕ್ಷಿಗೆ ಹಾಕುವ ಗಂಧಕದ ಹೊಗೆ ಓಣಿಯ ತುದಿಯಲ್ಲಿದ್ದರೂ ಇಲ್ಲಿ ಎದೆ ಹಿಡಿದುಕೊಳ್ಳುವನು, ಅಣ್ಣ ತೋಟ ತೆಗೆದುಕೊಂಡ, ಇವನು ನಗರಸಭೆಯ ನೀರಿನ ಕಚೇರಿಯಲ್ಲಿ ಕುರ್ಚಿ ಸವೆಸಿದ, ಮನೆಯಲ್ಲಿ ಮೂವತ್ತು ಚಿಲ್ಲರೆ ವರ್ಷದಿಂದ ಬೆಳ್ಳುಳ್ಳಿಯಿಲ್ಲ, ಗ್ಯಾಸು ಬಿದ್ದಾಗ ಮೊದಲು ಬೆಳ್ಳುಳ್ಳಿ ವಾಸನೆ ಬಂತಂತೆ, ಯಾರೋ ಅಡುಗೆ ಮಾಡ್ತಿದಾರೆ ಅಂದ್ಕೊಂಡ್ವಿ ಅಂತ ಒಂದೇ ಸಲ ಹೇಳಿದ್ದ, ಆಮೇಲೆ ಆ ಮಾತು ಎತ್ತಲಿಲ್ಲ. ಅವಳ ತವರಿನವರು ಈಗಲೂ ಕೇಳುತ್ತಾರೆ, ಬೆಳ್ಳುಳ್ಳಿ ಇಲ್ಲದೆ ಅದೆಂಥ ಅಡುಗೆ ಮಾಡ್ತೀಯೇ.

ಏನೇ ಹೆಣ್ಣೇ, ಕುರ್ಚಿ ಮೇಲೆ ಮುಳ್ಳಿದೆಯಾ, ಒಂದ್ಕಡೆ ಕೂತ್ಕೊಳೇ, ಅಂದಳು ಪಕ್ಕದ ನನೆ ಸೊಗ್ರಾ, ಮೊದಲ ಸಾಲಿನ ಅಜ್ಜಿ, ಮಡಿಲಲ್ಲಿ ಯುದ್ಧದಲ್ಲಿ ಹೋದ ಮಗನ ಫೋಟೋ, ಪ್ರತಿ ವರ್ಷ ಅದೇ ಚೌಕಟ್ಟು, ಹುಡುಗನಿಗೆ ಇನ್ನೂ ಮೀಸೆ ಸರಿಯಾಗಿ ಚಿಗುರಿಲ್ಲ, ತಾಯಿಗೆ ಹಲ್ಲೆಲ್ಲ ಬಿದ್ದಿವೆ. ನೋಡೇ, ನನ್ ಮಗನ ಹೆಸರಿಟ್ಟ ಬೀದಿಲಿ ಮೋರಿ ಕಟ್ಕೊಂಡು ವಾರ ಆಯ್ತು, ನಗರಸಭೆಗೆ ಹೋಗಿ ಹೇಳಿದ್ರೆ ಅಲ್ಲಿನ ಹುಡುಗ ಯಾವ ಬೀದಿ ಅಜ್ಜೀ ಅಂತಾನೆ, ನನ್ ಮಗನ್ ಬೀದಿ ಕಣೋ ಅಂದೆ, ನಿನ್ ಮಗನ ಹೆಸರೇನು ಅಂತಾನೆ, ಇವತ್ತು ನೋಡು, ಮುಂದಿನ ಸಾಲಲ್ಲಿ ಕೂರಿಸಿ ಚಹಾ ತಂದ್ಕೊಟ್ಟ ಅದೇ ಹುಡುಗ. ಇಸ್ಮತ್ ನಕ್ಕಳು, ನಗುವುದು ಬಾಯಿ ಮಾತ್ರ, ಕಣ್ಣು ವೇದಿಕೆಯ ಮೇಲೆ, ಅವನು ನೆಟ್ಟಗೆ ಕೂತಿದ್ದಾನೆ, ಕೈ ಮೊಣಕಾಲ ಮೇಲೆ, ಬೆರಳು ಲೆಕ್ಕ ಹಾಕುವ ಹಾಗೆ ಆಡುತ್ತಿದೆ, ಮಾತು ಒಪ್ಪಿಸಿಕೊಳ್ಳುತ್ತಿದ್ದಾನೆ, ಎಡಕ್ಕೆ ಮೇಯರು, ಬಲಕ್ಕೆ ಯಾರೋ ದೊಡ್ಡವರು, ಮಧ್ಯೆ ಪ್ಲಾಸ್ಟಿಕ್ಕು ಹೂವು. ಈ ಸಲವೂ ಕೊನೆಗೊಂದು ಕಂಬಳಿ ಕೊಟ್ಟಾರು, ಬೀರುವಿನಲ್ಲಿ ಜಾಗವಿಲ್ಲ, ಹೋದ ಸಲದ್ದನ್ನೂ ಅದರ ಹಿಂದಿನದನ್ನೂ ಅಳಿಯನ ಕಡೆಯವರಿಗೆ ದಾಟಿಸಿದ್ದಾಯಿತು, ಕಂಬಳಿ ಹೊದ್ದರೆ ಚಳಿ ಹೋಗುತ್ತದೆ, ಇವನಿಗಿರುವುದು ಚಳಿಯಲ್ಲ. ವರ್ಷವೆಲ್ಲ ಕಚೇರಿಯ ಮೆಟ್ಟಿಲು ಹತ್ತಿದರೆ ನಾಳೆ ಬನ್ನಿ ಹಾಜಿ, ಇವತ್ತು ಮಾತ್ರ ಮನೆ ಬಾಗಿಲಿಗೆ ಕಾರು, ಅದಕ್ಕೇ ಇವತ್ತೇ ಹೇಳಬೇಕು ಅನ್ನುತ್ತಾನೆ, ಇವತ್ತು ಅವರು ಎದ್ದು ಹೋಗೋ ಹಾಗಿಲ್ಲ ಇಸ್ಮತ್, ಕ್ಯಾಮೆರಾ ಇರತ್ತೆ. ಹೌದು, ಹೇಳಲಿ, ಒಂದು ಸಲ ಹೇಳಿಬಿಡಲಿ ದೇವರೇ, ಅವನ ಮಾತು ಮುಗಿಯುವ ತನಕ ಆ ಹುಡುಗರ ಯುದ್ಧ ಶುರುವಾಗದಿರಲಿ.

ಶುರುವಾಯಿತು. ನಿರೂಪಕ ಹುಡುಗ, ಒಪ್ಪವಾಗಿ ಕತ್ತರಿಸಿದ ಗಡ್ಡ, ಅಳುವುದಕ್ಕೆ ಸದಾ ತಯಾರಾದ ದನಿ, ಪ್ರಿಯ ಬಂಧುಗಳೇ ಆ ರಾತ್ರಿಗಳನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ ಅಂದದ್ದೇ ತಡ ಧಡ್ ಧಡ್, ಮಕ್ಕಳು ಮೂಟೆಯ ಹಿಂದಿನಿಂದ ಕೂಗುತ್ತ ಬಂದರು, ಡಬ್ಬಿ ಉರುಳಿತು, ಹಳದಿ ಹೊಗೆ, ಹಳದಿಯೇ ಬೇಕಿತ್ತೇ ಇವರಿಗೆ, ನೆಲದ ಮೇಲೆ ತೆವಳಿಕೊಂಡು ಬಂದು ಕುರ್ಚಿಯ ಕಾಲು ಏರಿ ಮೇಯರ ಷೂ ಮುಚ್ಚಿತು, ಮೇಯರು ಕರವಸ್ತ್ರ ತೆಗೆದ, ಯದುಲ್ಲಾ ಅಲ್ಲಾಡಲಿಲ್ಲ, ಉಸಿರು ಕಟ್ಟಿದ್ದಾನೆ, ಅವಳಿಗೆ ಗೊತ್ತು, ಭುಜ ಮೇಲೆ ಹೋದರೆ ಉಸಿರು ಕಟ್ಟಿದ್ದಾನೆಂದು ಅರ್ಥ, ಅವಳೂ ಕಟ್ಟಿದಳು, ಎಷ್ಟು ಹೊತ್ತು ಕಟ್ಟಿಯಾನು, ಆರೋಗ್ಯವಾಗಿರುವ ತನಗೇ ಆಗುತ್ತಿಲ್ಲ — ಒಡೆಯಿತು. ಮೊದಲು ಸಣ್ಣ ಕೆಮ್ಮು, ಅದು ಏನಲ್ಲ, ಎರಡನೆಯದು ಒಳಗಿನಿಂದ, ಮೂರನೆಯದಕ್ಕೆ ಮೈ ಮಡಚಿತು, ಏಳಬೇಕು, ಭಾಷೆ ಕೊಟ್ಟಿದ್ದೇನೆ, ಬಾಯಿಬಿಟ್ಟೇ ಅಂದಳು, ಹೋದ ವರ್ಷ ಎದ್ದು ನೀರು ನೀರು ಅಂತ ಕಿರುಚಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದ, ಎಲ್ಲರೆದುರಿಗೆ ನನ್ನ ಮಗು ಮಾಡಿಬಿಟ್ಟೆ ಅಂದಿದ್ದ, ಯಾರಾದರೂ ನೀರು ಕೊಡಿ, ಆ ದೊಡ್ಡ ಮನುಷ್ಯನಿಗೆ ಕೈಯಿಲ್ಲವೇ, ಮೇಯರು ಯಾಕೆ ಆಕಾಶ ನೋಡುತ್ತಿದ್ದಾನೆ, ಅಬ್ಬ ನಿರೂಪಕ ಓಡಿ ಬಂದ, ಒಳ್ಳೆಯ ಹುಡುಗ, ಬೆನ್ನು ಸವರುತ್ತಾನೆ, ಇಲ್ಲ, ಬಗ್ಗಿದ, ಕೈಯಲ್ಲಿದ್ದ ಮೈಕನ್ನು ಅವನ ಬಾಯಿಗೆ ಹಿಡಿದ. ಕೆಂಪು ಸ್ಪಂಜಿನ ಟೋಪಿ ಹಾಕಿದ ಮೈಕು. ಕೇಳಿ ಬಂಧುಗಳೇ, ಕಿವಿಗೊಟ್ಟು ಕೇಳಿ, ಇದು ಕೆಮ್ಮಲ್ಲ, ಇದು ನಮ್ಮ ಇತಿಹಾಸ. ನಾಲ್ಕು ಮೂಲೆಯ ಧ್ವನಿವರ್ಧಕಗಳಿಂದ ಅವನು ಕೆಮ್ಮಿದ, ಕಫದ ಗೊರಗೊರವೂ ಕೇಳಿತು, ಆ ಕೊನೆಯ ಸಿಳ್ಳೂ ಕೇಳಿತು, ರಾತ್ರಿ ಅವಳೊಬ್ಬಳೇ ಎದೆಗೆ ಒರಗಿಸಿಕೊಂಡು ಕೇಳುವ ಸಿಳ್ಳು, ಮಗಳಿಗೆ ಎಚ್ಚರವಾಗದಿರಲಿ ಎಂದು ಅವನು ದಿಂಬಿಗೆ ಮುಖವಿಟ್ಟು ಅಡಗಿಸುತ್ತಿದ್ದ ಸಿಳ್ಳು, ಈಗ ಮೈದಾನದ ಮೇಲೆಲ್ಲ, ಆಚೆ ಒಣಹಣ್ಣಿನವರ ಅಂಗಡಿ ಸಾಲಿನ ತನಕ, ಹಿಂದೆ ಹೆಂಗಸರು ಮೂಗು ಸೀಟಿ ಅಳುತ್ತಿದ್ದಾರೆ, ಯಾರೋ ದೇವರ ಹೆಸರು ಕೂಗಿದರು, ಎಷ್ಟು ಚೆನ್ನಾಗಿ ಅಳುತ್ತಾರೆ, ಅವಳಿಗೆ ಇವರೆಲ್ಲರ ಮೇಲೂ ಉಗಿಯಬೇಕೆನಿಸಿತು. ನನೆ ಸೊಗ್ರಾ ಅಳುತ್ತಿರಲಿಲ್ಲ. ಇಸ್ಮತಳ ತೊಡೆಗೆ ಚಿವುಟಿ, ನನ್ನೋನು ಫೋಟೋದಲ್ಲಿದಾನೆ ಕಣೇ, ನಿನ್ನೋನು ಇನ್ನೂ ಕುರ್ಚಿ ಮೇಲಿದಾನೆ, ಭಾಷೆಗೀಷೆ ಅಂತ ಕೂತಿದೀಯಲ್ಲ, ಹೋಗೇ ಅಂದಳು.

ಹಗ್ಗ ಕಾಲಿಗೆ ತೊಡರಿತು, ಹರಿಯಿತೋ ಬಿಚ್ಚಿತೋ, ಗಂಡಸರು ಕಾಲು ಒಳಗೆಳೆದುಕೊಂಡರು, ಅಕ್ಕಾ ಆ ಕಡೆಯಿಂದ ಅಂದ ಒಬ್ಬ, ಯಾವ ಕಡೆಯಿಂದ, ಚಾದರ ಭುಜಕ್ಕೆ ಜಾರಿತು, ಹಲ್ಲಿನಲ್ಲಿ ಕಚ್ಚಿಕೊಂಡಳು, ಮೆಟ್ಟಿಲು, ಹೊಗೆ, ಮರದ ಬಂದೂಕಿನ ಹುಡುಗನೊಬ್ಬ ಅಡ್ಡ ಬಿದ್ದುಕೊಂಡಿದ್ದಾನೆ, ಸತ್ತವನ ಪಾತ್ರವಿರಬೇಕು, ಏಳೋ ಕಂದಾ ಅಂದಳು, ಎದ್ದ, ಯದುಲ್ಲಾನ ತುಟಿ ನೀಲಿ, ಬಾಯಿ ತೆಗೀರಿ, ತೆಗೀರಿ ಅಂದೆ, ಸ್ಪ್ರೇ ಒತ್ತಿದಳು, ಒಳಗೆ ಹೋಗಲಿಲ್ಲ, ಕೆಮ್ಮು ಹೊರಗೆ ತಳ್ಳಿತು, ಕೊನೆಯ ಡಬ್ಬಿ ಇದು, ವ್ಯರ್ಥ ಮಾಡಬೇಡಿ, ಮತ್ತೆ ಒತ್ತಿದಳು, ಮೈಕು ಇನ್ನೂ ಅಲ್ಲೇ ಇದೆ, ಇಬ್ಬರ ನಡುವೆ, ಅವಳ ಮಾತೂ ಮೈದಾನಕ್ಕೆಲ್ಲ ಕೇಳುತ್ತಿದೆ, ಕೊನೆಯ ಡಬ್ಬಿ ಇದು ಎಂದು ನಾಲ್ಕು ಮೂಲೆಯೂ ಹೇಳಿತು, ನೋಡಿ ಬಂಧುಗಳೇ ತ್ಯಾಗಮಯಿ ಮಡದಿಯನ್ನು ಅನ್ನುತ್ತಿದ್ದಾನೆ ನಿರೂಪಕ, ಅಕ್ಕಾ ಒಂದೆರಡು ಮಾತು ಎಂದು ಪಿಸುಗುಟ್ಟುತ್ತಿದ್ದಾನೆ, ಅವಳು ಆ ಕೆಂಪು ಸ್ಪಂಜನ್ನು ಮುಷ್ಟಿಯಲ್ಲಿ ಹಿಡಿದಳು, ಗಟ್ಟಿಯಾಗಿ, ನೊಣ ಹಿಡಿದ ಹಾಗೆ. ಧ್ವನಿವರ್ಧಕ ಒಮ್ಮೆ ಗರ್ ಎಂದು ಸುಮ್ಮನಾಯಿತು. ಈಗ ಕೆಮ್ಮು ಸಣ್ಣದು, ಮನೆಯದು, ಅವನ ಎದೆಯದು ಮಾತ್ರ. ಅಂಗೈಯೊಳಗೆ ಸ್ಪಂಜು ಬೆಚ್ಚಗೆ ಒದ್ದೆಯಾಗಿತ್ತು, ಅವನ ಉಸಿರೇ ಅದು. ಮೂರನೆಯ ಸಲ ಒತ್ತಿದಳು, ಹೋಯಿತು, ಒಳಗೆ ಹೋಯಿತು, ಸಿಳ್ಳು ಎಳೆಯಿತು, ಭುಜ ಇಳಿಯಿತು, ಕಣ್ಣಿಗೆ ಬೆಳಕು ಬಂತು, ಬಂದ ಕೂಡಲೇ ಅವಳನ್ನು ನೋಡಿದ, ಈಗ ಬೈಯುತ್ತಾನೆ, ಬೈಯಲಿ, ಬೈಯಲು ಉಸಿರಿದೆಯಲ್ಲ, ನಾಲ್ಕು ದಿನ ಮಾತು ಬಿಡಲಿ, ಅವನ ಬೆರಳು ಅವಳ ಮುಷ್ಟಿಯ ಮೇಲೆ ಬಂತು, ಒಂದೊಂದೇ ಬೆರಳು ಬಿಡಿಸಿದ, ಕಿತ್ತುಕೊಂಡು ಆ ಹುಡುಗನಿಗೆ ಕೊಡುತ್ತಾನೆ ಅಂದುಕೊಂಡಳು, ಕೊಡಲಿಲ್ಲ, ಮೈಕನ್ನು ಅವಳ ಕಡೆಗೆ ತಿರುಗಿಸಿದ, ಹೇಳು, ಅಂದ, ದನಿಯಿಲ್ಲ, ತುಟಿ ಮಾತ್ರ, ನಿಂಗೆ ಗೊತ್ತಲ್ಲ, ಹೇಳು. ಗೊತ್ತು. ಮೇಯರು ಎದ್ದು ನಿಂತಿದ್ದಾನೆ, ಕ್ಯಾಮೆರಾ ತಿರುಗಿತು, ಮಹ್ದಿಯೆ ಹಿಂದಿನ ಸಾಲಿನಲ್ಲಿ ಎರಡೂ ಕೈ ಬಾಯಿಗಿಟ್ಟುಕೊಂಡಿದ್ದಾಳೆ, ನಿರೂಪಕ ಅಕ್ಕಾ ಸಾಕು ಅಕ್ಕಾ ಅನ್ನುತ್ತ ಕೈಚಾಚಿದ, ಅವಳು ಒಂದು ಹೆಜ್ಜೆ ಹಿಂದೆ ಸರಿದಳು, ಮೊದಲ ಪದ ಯಾವುದು, ಎದುರಿಗೆ ಏನೂ ಕಾಣುತ್ತಿಲ್ಲ, ಮೈದಾನವಿಲ್ಲ, ಜನರಿಲ್ಲ, ಕೆಂಪು ಸ್ಪಂಜು, ಅವನ ಉಸಿರಿನಿಂದ ಒದ್ದೆಯಾದದ್ದು, ತುಟಿಗೆ ಇಷ್ಟು ಹತ್ತಿರ, ಆ ಕೆಂಪು ಸ್ಪಂಜು, ಕೆಂಪು, ಈ ಊರಲ್ಲಿ ಉಸಿರಿಗೆ, ಅಂದಳು.