ಜಲಜಕ್ಕ ಕೊಟ್ಟ ಮಾತು

ತ್ರಾಸಿಯಿಂದ ತುಸು ಬಡಗು ದಿಕ್ಕಿಗೆ, ಹೆದ್ದಾರಿಯ ಬದಿಯಲ್ಲಿದ್ದ ಸಣ್ಣ ಮೀನು ಮಾರುಕಟ್ಟೆಯಲ್ಲಿ ಯಾವ ಪಕ್ಷಕ್ಕೂ ಅದರ ನಿಜವಾದ ಹೆಸರಿರಲಿಲ್ಲ. ಶಾಸಕರು ಯಾರ ಕಡೆಯವರೋ ಅವರು ‘ಇಪ್ಪವ್ರು’, ಈಗ ಇರುವವರು. ಹೋದ ಸಲ ಸೋತು, ಈ ಸಲ ಗೆದ್ದೇ ಗೆಲ್ಲುತ್ತೇವೆ ಎಂದು ಓಡಾಡುತ್ತಿದ್ದವರು ‘ಬಪ್ಪವ್ರು’, ಮುಂದೆ ಬರುವವರು. ಚುನಾವಣೆ ಬಂತೆಂದರೆ ಹೆಂಗಸರು ಬಂಗುಡೆಯ ಮೇಲೆ ಐಸಿನ ಪುಡಿ ಚೆಲ್ಲುತ್ತಾ ಇಬ್ಬರನ್ನೂ ಒಂದೇ ಸಮ ಬಯ್ಯುತ್ತಿದ್ದರು. ಕೊನೆಗೆ ಇಬ್ಬರಲ್ಲಿ ಒಬ್ಬರಿಗೆ ಓಟು ಹಾಕಿ ಮನೆಗೆ ಹೋಗುತ್ತಿದ್ದರು.

ಆ ಬೇಸಿಗೆಯಲ್ಲಿ ಮಾತ್ರ ಜಲಜ ಮೂರನೆಯ ಹೆಸರೊಂದನ್ನು ತಂದಳು.

“ಪ್ರೇಮಾನಂದ ನಿಲ್ತ ಅಂಬ್ರ್. ಆ ಪಕ್ಷವೂ ಅಲ್ಲ, ಈ ಪಕ್ಷವೂ ಅಲ್ಲ. ನಮ್ ಪಕ್ಷ.”

ಎದುರು ಕಟ್ಟೆಯ ಸರೋಜ ಕತ್ತಿ ಕೆಳಗಿಟ್ಟಳು. ಗಂಡ ಹೋದ ಮೇಲೆ ಅವಳಿಗೆ ವಿಧವಾ ವೇತನ ಮಾಡಿಸಿಕೊಟ್ಟವರು ಇಪ್ಪವ್ರು. ಹಾಗಾಗಿ ಅವರನ್ನು ತಾನು ಎಷ್ಟು ಬೇಕಾದರೂ ಬಯ್ಯುತ್ತಿದ್ದಳು, ಬೇರೆಯವರು ಬಯ್ಯಲು ಬಿಡುತ್ತಿರಲಿಲ್ಲ.

“ಪಕ್ಷ ಇಲ್ದವ ಗೆದ್ದ್ ಎಂತ ಮಾಡ್ತ ಹೆಣೆ? ಬೆಂಗ್ಳೂರಂಗೆ ಅವ್ನಿಗೆ ಕೂಕಂಬುಕೆ ಜಾಗ ಆರೂ ಕೊಡ್ತ್ರಾ?”

“ಪಕ್ಷ ಇದ್ದವ ಎಂತ ಮಾಡ್ದ? ಕಡ್ಲ್ ನನ್ ಅಂಗಳ ತಿಂದ್ಕಂಡ್ ಹೋಪತಿಗೆ ನಿನ್ ಇಪ್ಪವ್ರ್ ಎಲ್ಲಿದ್ರ್?”

“ಬಂದಿದ್ರಲೆ,” ಎಂದಳು ಹರಿಣಾಕ್ಷಿ. ಕಟ್ಟೆಯಲ್ಲಿ ಎಲ್ಲರಿಗಿಂತ ಚಿಕ್ಕವಳು, ಬಾಯಿ ಮಾತ್ರ ಎಲ್ಲರಿಗಿಂತ ಮುಂದೆ. “ಬಂದ್, ಫೋಟೊ ತೆಗ್ಸ್‌ಕಂಡ್, ಎಳ್ನೀರ್ ಕುಡ್ಕಂಡ್ ಹೋದ್ರ್. ಈ ಸಲ ಬಪ್ಪವ್ರಿಗೆ ಕೊಟ್ ಕಾಂಬ. ಹೊಸಬ್ರಾರೆ ಕಡ್ಲಿನ ಗೋಡೆಗೆ ಕಲ್ಲಾರೂ ಬೇಗ ತಕ್ಕಂಡ್ ಬತ್ರ್.”

“ಕಲ್ಲ್ ಬಪ್ಪುದ್ ಓಟಿನ ಮೊದ್ಲ್. ಓಟ್ ಆದ್ ಕೂಡ್ಲೆ ಅದೇ ಲಾರಿಯಂಗೆ ವಾಪಾಸ್ ಹೋತ್ತ್,” ಎಂದಳು ಜಲಜ. ಸರೋಜಳೂ ನಕ್ಕಳು.

ಜಲಜಳ ಮನೆ ಕೇರಿಯ ಕೊನೆಯದು. ಹಿಂದಿನ ಮಳೆಗಾಲದಲ್ಲಿ ಕಡಲು ಅವಳು ಮೀನು ಒಣಗಿಸುತ್ತಿದ್ದ ಅಂಗಳವನ್ನೂ ತೆಂಗಿನ ಸಾಲನ್ನೂ ಎಳೆದುಕೊಂಡು, ಹಿತ್ತಿಲ ಬಾಗಿಲ ತನಕ ಬಂದು ನಿಂತಿತ್ತು. ಗಂಡ ಮುಂಬೈಯ ಒಂದು ಕ್ಯಾಂಟೀನಿನಲ್ಲಿ ಅಡುಗೆಗಿದ್ದವನು, ಫೋನಿನಲ್ಲಿ “ಜಾಗ್ರತೆ ಮಾಡ್” ಎಂದದ್ದಷ್ಟೇ. ಆಗ ಪ್ರೇಮಾನಂದ ಹೋರಾಟ ಸಮಿತಿ ಕಟ್ಟಿ ಹೆದ್ದಾರಿ ತಡೆದ. ರಸ್ತೆಯ ನಡುವೆ ಮೊದಲು ಮಲಗಿದವಳು ಜಲಜ. ಪೊಲೀಸರು ಗಂಡಸರನ್ನೂ ಹೆಂಗಸರನ್ನೂ ಗಾಡಿಗೆ ತುಂಬಿದರು. ಸಂಜೆ ಪ್ರೇಮಾನಂದನನ್ನು ಬಿಟ್ಟರೂ ಅವನು ಸ್ಟೇಷನ್ನಿನ ಮೆಟ್ಟಿಲಿಂದ ಏಳಲಿಲ್ಲ. “ಈ ಹೆಂಗಸ್ರನ್ನ ಬಿಡುವರೆಗೆ ನಾ ಹೋಪುದಿಲ್ಲೆ” ಎಂದು ಕೂತಿದ್ದ. ಜಲಜ ಅದನ್ನು ಕಣ್ಣಾರೆ ಕಂಡಿದ್ದಳು. ಅಲ್ಲಿಂದ ಮುಂದೆ ಅವನ ಬಗ್ಗೆ ಯಾರು ಏನು ಹೇಳಿದರೂ ಅವಳ ಕಿವಿಗೆ ಇಳಿಯಲಿಲ್ಲ. ಮಗ ಯತೀಶನಂತೂ ಅವನ ನೆರಳೇ ಆಗಿದ್ದ. ಮೀನಿನ ಟೆಂಪೋ ಓಡಿಸುವ ಹುಡುಗ, ಬಿಡುವಾದಾಗಲೆಲ್ಲ ‘ಪ್ರೇಮಣ್ಣ’ನ ಕಾರನ್ನೂ ಓಡಿಸುತ್ತಿದ್ದ.

ವಾರಕ್ಕೆರಡು ದಿನ ಜಲಜ ಬುಟ್ಟಿ ಹೊತ್ತು ಬಸ್ಸು ಹತ್ತಿ ಒಳನಾಡಿನ ಶಂಕರನಾರಾಯಣದ ಕಡೆಗೆ ಮೀನು ಮಾರಲು ಹೋಗುತ್ತಿದ್ದಳು. ಆ ಸಲ ಕ್ಷೇತ್ರದ ಗಡಿ ಬದಲಾಗಿ ಆ ಊರುಗಳೂ ಇವರ ಜೊತೆ ಸೇರಿದ್ದವು. ಪ್ರೇಮಾನಂದನಿಗೆ ಅಲ್ಲಿ ಒಂದು ನರಪಿಳ್ಳೆಯ ಪರಿಚಯವೂ ಇಲ್ಲ. ಜಲಜಳಿಗೆ ಇಪ್ಪತ್ತು ವರ್ಷದಿಂದ ಪ್ರತಿ ಮನೆಯ ಜಗಲಿ ಗೊತ್ತು. ಮೀನಿನ ಜೊತೆ ಅವಳು ಅವನ ಹೆಸರನ್ನೂ ಹೊತ್ತುಕೊಂಡು ಹೋದಳು.

ಅಂಥ ಒಂದು ಮನೆ ಸುಗುಣಳದ್ದು. ಅವಳ ಗಂಡ, ಕುಷ್ಟ ಎಂಬವನು, ವರ್ಷಕ್ಕೆರಡು ಬೆಳೆ ಭತ್ತ ತೆಗೆಯುವ ರೈತ, ಅಪ್ಪನ ಕಾಲದಿಂದ ಇಪ್ಪವ್ರ ಪಕ್ಷ. ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಾ ಅವನು ಕೇಳಿದ, “ನಿಮ್ ಕಡ್ಲಿಗೆ ಗೋಡೆ ಕಟ್ಟುಕೆ ನಮ್ ಓಟ್ ಎಂತಕೆ? ನಮ್ ಗದ್ದಿಗೆ ಹಂದಿ ಬತ್ತ್, ಮಂಗ ಬತ್ತ್. ಅದ್ಕೂ ನಿಮ್ ಪ್ರೇಮಾನಂದ ಗೋಡೆ ಕಟ್ತ್ರಾ?”

“ಕಟ್ಟೂದಿಲ್ಲೆ,” ಎಂದಳು ಜಲಜ. “ಆರೆ ನೀವ್ ಕರ್ದ್ರೆ ಬತ್ರ್. ಬಂದ್ ನಿಮ್ ಒಟ್ಟಿಗೆ ನಿಲ್ತ್ರ್. ನಿಮ್ ಪಕ್ಷದವ್ರ್ ಹಂದಿ ಓಡ್ಸುಕೆ ಒಂದ್ ಸಲ ಆರೂ ಬಂದಿದ್ರಾ, ಹೇಳಿ.”

ಕುಷ್ಟ ಎಲೆ ಬಾಯಿಗೆ ಹಾಕಿಕೊಂಡ. ಸುಗುಣ ಮೀನು ಆರಿಸಿಕೊಳ್ಳುತ್ತಾ, “ಓಟಿನ ಗುರ್ತ್ ಎಂತ?” ಎಂದಳು.

“ಇನ್ನೂ ಸಿಕ್ಲಿಲ್ಲೆ. ನಾಮಪತ್ರ ವಾಪಾಸ್ ತೆಗುವ ದಿನ ಮುಗ್ದ್ ಮೇಲೆ ಕೊಡ್ತ್ರ್ ಅಂಬ್ರ್. ದೋಣಿ ಕೇಂಡಿದ್ರ್.”

ಸುಗುಣ ಅವಳನ್ನು ಬೇಲಿಯ ತಡಮೆಯ ತನಕ ಕಳಿಸಲು ಬಂದಳು. “ಜಲಜಕ್ಕ, ಇಷ್ಟ್ ವರ್ಷ ಇವ್ರ್ ಹೇಳ್ದಲ್ಲಿಗೇ ಹಾಕಿದ್ದೆ. ಈ ಸಲ ನಂದ್ ಓಟ್ ನಿಮ್ ಮಾತಿಗೆ. ಆಚೆ ಮನೆಯವ್ರಿಗೂ ಹೇಳ್ತೆ.”

ಜಲಜ ಬಸ್ಸಿನಲ್ಲಿ ಖಾಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೆನೆಸುತ್ತಾ ಬಂದಳು. ಅವಳ ಮಾತಿಗೆ ಅಂಥ ಬೆಲೆ ಯಾರೂ ಕೊಟ್ಟಿರಲಿಲ್ಲ.

ನಾಮಪತ್ರ ಹಿಂದೆಗೆಯುವ ಕೊನೆಯ ದಿನ ಬಂತು. ಗುರುತು ಸಿಕ್ಕಿದ ಕೂಡಲೇ ಮೆರವಣಿಗೆ ಎಂದು ಮಾತಾಗಿತ್ತು. ಯತೀಶನ ಟೆಂಪೋ ತೊಳೆಸಿ ಹೆಂಗಸರೆಲ್ಲ ಕುಂದಾಪುರಕ್ಕೆ ಹೋದರು. ನಂಬದ ಸರೋಜಳೂ “ಕಾಂಬುಕೆ ಬತ್ತೆ” ಎಂದು ಹತ್ತಿದ್ದಳು. ಚುನಾವಣಾ ಕಚೇರಿಯ ಎದುರಿನ ಮರದ ಕೆಳಗೆ, ಗೊಂಡೆ ಹೂವಿನ ಮಾಲೆ ಬಾಡದಂತೆ ಒದ್ದೆ ಬಟ್ಟೆ ಸುತ್ತಿ ಕಾದರು. ಯತೀಶ ಮಾತ್ರ ಟೆಂಪೋದಿಂದ ಇಳಿಯಲಿಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಗೇಟಿನ ಬಳಿ ಪಟಾಕಿ ಸಿಡಿಯಿತು. ಜಲಜ ಮಾಲೆ ಎತ್ತಿಕೊಂಡು ಓಡಿದಳು. ಪ್ರೇಮಾನಂದ ಹೊರಗೆ ಬರುತ್ತಿದ್ದ. ಅವನ ಕುತ್ತಿಗೆಯಲ್ಲಿ ಬಪ್ಪವ್ರ ಪಕ್ಷದ ಶಾಲು. ಹೆಗಲ ಮೇಲೆ ಬಪ್ಪವ್ರ ಅಭ್ಯರ್ಥಿಯ ಕೈ. ಯಾರೋ ಅವನ ಮುಂದೆ ಮೈಕು ಹಿಡಿದರು. ಸಮಾಜದ ಹಿತಕ್ಕಾಗಿ, ಹಿರಿಯರ ಮಾತಿಗೆ ಬೆಲೆ ಕೊಟ್ಟು, ಕಣದಿಂದ ಹಿಂದೆ ಸರಿದು ಪಕ್ಷಕ್ಕೆ ಸೇರಿದ್ದೇನೆ ಎಂದು ಅವನು ಪುಸ್ತಕದ ಭಾಷೆಯಲ್ಲಿ ಹೇಳಿದ.

ಜಲಜಳಿಗೆ ಮೊದಲು ಅರ್ಥವಾಗಲಿಲ್ಲ. ಅವನ ಕುತ್ತಿಗೆಯ ಶಾಲನ್ನು ಯಾರೋ ತಪ್ಪಿ ಹಾಕಿದ್ದಾರೆ ಎಂಬಂತೆ ನೋಡುತ್ತಾ ನಿಂತಳು. ಅವನೇ ಹತ್ತಿರ ಬಂದ.

“ಜಲಜಕ್ಕ, ಎಲ್ಲಾ ಒಳ್ಳೇದಕ್ಕೇ. ಒಬ್ನೇ ಗೆದ್ದ್ ನಾ ಎಂತ ಮಾಡ್ಲಕ್ಕ್? ಗೋಡೆ ಮಾಡಿ ಕೊಡ್ತೋ ಅಂದೇಳಿ ಇವ್ರ್ ಮಾತ್ ಕೊಟ್ಟಿದ್ರ್. ನಿಮ್ ಹೆಂಗಸ್ರನ್ನ ಹೀಂಗೇ ಒಟ್ಟಿಗೆ ಇಟ್ಕಣಿ.”

“ಯಾವಾಗ ತೀರ್ಮಾನ ಆದ್?”

“ಈಗ್ಳೇ. ಒಳ್ಗೆ,” ಎಂದು ಹೇಳಿ, ಅವಳ ಕೈಯ ಮಾಲೆಗೆ ತಾನೇ ತಲೆ ಒಡ್ಡಿದ. ಜಲಜಳ ಕೈ ಏಳಲಿಲ್ಲ. ಹರಿಣಾಕ್ಷಿ ಮಾಲೆ ತೆಗೆದುಕೊಂಡು ಅವನಿಗೆ ಹಾಕಿದಳು. ಫೋಟೊ ತೆಗೆದರು.

ಟೆಂಪೋದಲ್ಲೇ ಹಿಂದಿರುಗಿದರು. ಇಳಿಯುವಾಗ ಒಬ್ಬಳು ಜಲಜಳ ಮುಖ ನೋಡದೆ, “ನಮ್ಗೆ ಮೊದ್ಲೇ ಒಂದ್ ಮಾತ್ ಹೇಳ್ಲಕ್ಕಿತ್,” ಎಂದಳು.

“ನಂಗೆ ಗೊತ್ತಿದ್ರೆ ಅಲ್ದ ಹೇಳೂದ್!”

ಆ ಹೆಂಗಸು ಯತೀಶನ ಕಡೆ ಒಮ್ಮೆ ನೋಡಿ ನಡೆದುಬಿಟ್ಟಳು. ಜಲಜಳೂ ಮಗನತ್ತ ತಿರುಗಿ ನೋಡಿದಳು. ಮನೆಗೆ ಬಂದು, ಮಗ ಕೈಕಾಲು ತೊಳೆದು ಊಟಕ್ಕೆ ಕೂತಾಗ ಬಟ್ಟಲು ಕೆಳಗಿಡದೆ ಕೇಳಿದಳು.

“ಯತೀಶಾ, ನಿಂಗೆ ಗೊತ್ತಿತ್ತಾ?”

ಅವನು ತಲೆ ಎತ್ತಲಿಲ್ಲ. “ಕಳ್ದ ವಾರ ಪ್ರೇಮಣ್ಣನೂ ಬಪ್ಪವ್ರೂ ಕೋಟದಂಗೆ ಒಬ್ರ್ ಮನೆಲಿ ಕೂಕಂಡ್ ಮಾತಾಡಿದ್ರ್. ಗಾಡಿ ನಾನೇ ಬಿಟ್ಟದ್.”

“ಕಳ್ದ ವಾರ ನಾ ಶಂಕರನಾರಾಯಣಕ್ಕೆ ಹೋದದ್. ನನ್ನ ಬಸ್ಸಿಗೆ ಬಿಟ್ಟದ್ದೂ ನೀನೇ.”

“ಹೌದ್.”

“ಬಿಸ್ಲಂಗೆ ಮನೆ ಮನೆ ತಿರ್ಗುವವಳಿಗೆ ಒಂದ್ ಮಾತ್ ಹೇಳುಕಾಯ್ಲಿಲ್ಲೆ ನಿಂಗೆ?”

“ನೀ ತಿರ್ಗೂದ್ ಬೇಕಿತ್ ಅಮ್ಮ,” ಎಂದ ಯತೀಶ. ಲೋಕದ ವ್ಯವಹಾರ ತಿಳಿಯದವರಿಗೆ ತಿಳಿಸಿ ಹೇಳುವ ತಾಳ್ಮೆ ಅವನ ದನಿಯಲ್ಲಿತ್ತು. “ಪ್ರೇಮಣ್ಣನ ಹಿಂದೆ ಎಷ್ಟ್ ಹೆಂಗಸ್ರ್ ಇದ್ರ್ ಅಂದೇಳಿ ಅವ್ರ್ ಕಾಣ್ಕಿತ್. ನೀ ಹೋದಷ್ಟೂ ಅಣ್ಣನ ಮಾತಿಗೆ ತೂಕ ಬಂತ್. ನಿನ್ನಿಂದಲೇ ಇಷ್ಟ್ ಆದ್. ರಾಜಕೀಯ ಅಂದ್ರೆ ಹೀಂಗೇ.”

ಜಲಜ ಬಟ್ಟಲನ್ನು ಅವನ ಮುಂದಿಟ್ಟು ಹಿತ್ತಿಲಿಗೆ ಹೋದಳು. ಪ್ರೇಮಾನಂದ ಮಾಡಿದ್ದು ಅವಳಿಗೆ ಸಿಟ್ಟು ತರಿಸಿತ್ತು. ಇದು ಸಿಟ್ಟಲ್ಲ. ತಾನು ಹೆತ್ತವನು ತನ್ನನ್ನು ಬುಟ್ಟಿಯ ಮೇಲ್ಸಾಲಿನ ಮೀನಿನಂತೆ ಜೋಡಿಸಿ ಗಿರಾಕಿಗೆ ತೋರಿಸಿದ್ದ. ಅದಕ್ಕೆ ಅವಳಲ್ಲಿ ಅಳುವೂ ಇರಲಿಲ್ಲ.

ಮರುದಿನ ಮೀನಿನ ದಿನವಲ್ಲದಿದ್ದರೂ ಬಸ್ಸು ಹತ್ತಿ ಸುಗುಣಳ ಮನೆಗೆ ಹೋದಳು. ಬುಟ್ಟಿ ಇಲ್ಲದೆ ಬಂದವಳನ್ನು ಕಂಡು ಕುಷ್ಟ ಜಗಲಿಯಿಂದಲೇ ನಕ್ಕ. “ಹ್ವಾಯ್, ದೋಣಿ ಮುಳ್ಗ್‌ತಂಬ್ರಲೆ?”

ಸುಗುಣ ನಗಲಿಲ್ಲ. “ಇವ್ರ್ ಎದ್ರಿಗೇ ಹೇಳಿದ್ದೆ ಜಲಜಕ್ಕ, ಈ ಸಲ ನಂದ್ ಬೇರೆ ಅಂದೇಳಿ. ಮದಿ ಆದ್ ಮೇಲೆ ಮೊದ್ಲ್ ಸಲ ಇವ್ರ್ ಮಾತಿಗೆ ಎದ್ರ್ ಮಾತಾಡಿದ್ದ್ ನಾನ್. ಆಚೆ ಮನೆಯವ್ರನ್ನೂ ಒಪ್ಸಿದ್ದೆ. ಈಗ ಎಲ್ಲರೂ ನನ್ನ ಕಂಡ್ರೆ ನೆಗಾಡ್ತ್ರ್.”

“ನಂಗೆ ಗೊತ್ತಿರ್ಲಿಲ್ಲೆ. ದೇವ್ರಾಣೆ.”

“ನಿಮ್ ಮಗ ಅವ್ರ್ ಒಟ್ಟಿಗೇ ಇಪ್ಪುದ್ ಅಂಬ್ರಲೆ?”

ಹೌದೆಂದರೆ ಜಲಜ ಸುಳ್ಳಿ, ಅಲ್ಲವೆಂದರೂ ಸುಳ್ಳಿ. ಸುಗುಣ ಒಂದು ಲೋಟ ನೀರು ಬೆಲ್ಲ ತಂದಿಟ್ಟು ಒಳಗೆ ಹೋದಳು. ತಡಮೆಯ ತನಕ ಕಳಿಸಲು ಬರಲಿಲ್ಲ.

ಎರಡು ದಿನ ಬಿಟ್ಟು ಬಪ್ಪವ್ರ ಅಭ್ಯರ್ಥಿ ಮಾರುಕಟ್ಟೆಗೆ ಬಂದರು. ಜೊತೆಗೆ ಪ್ರೇಮಾನಂದ, ಹಿಂದೆ ಯತೀಶ. “ಇವ್ರೇ ನಮ್ ಜಲಜಕ್ಕ,” ಎಂದ ಪ್ರೇಮಾನಂದ. “ರಸ್ತೆ ತಡೆಯಂಗೆ ಮೊದ್ಲ್ ಮಲ್ಗಿದ್ದ್ ಇವ್ರೇ. ಜಲಜಕ್ಕ, ಹೆಂಗಸ್ರಿಗೆ ಒಂದೆರ್ಡ್ ಮಾತ್ ಹೇಳಿ.”

ಕಟ್ಟೆಯ ಮೇಲಿನ ಕತ್ತಿಗಳೆಲ್ಲ ನಿಂತವು. ಅವಳು ಏನು ಹೇಳುತ್ತಾಳೆಂದು ಎಲ್ಲರೂ ಕಾದರು. ಜಲಜ ಕೈ ಒರೆಸಿಕೊಂಡು ಎದ್ದು ನಿಂತಳು.

“ನಾ ಇವ್ರಿಗೆಲ್ಲ ಪ್ರೇಮಾನಂದನಿಗೆ ಓಟ್ ಹಾಕಿ ಅಂದೇಳಿ ಹೇಳಿದ್ದೆ. ಅವ ಈಗ ನಿತ್ಕಣ್ಲಿಲ್ಲೆ. ನಿಮ್ ವಿಷ್ಯ ನಂಗೆ ಗೊತ್ತಿಲ್ಲೆ ಸ್ವಾಮಿ. ಗೊತ್ತಿಲ್ದವ್ರ್ ಬಗ್ಗೆ ನಾ ಮಾತ್ ಕೊಡುದಿಲ್ಲೆ.”

ಅಭ್ಯರ್ಥಿ ಏನೋ ತಮಾಷೆ ಕೇಳಿದಂತೆ ನಕ್ಕು ಕೈ ಮುಗಿದು ಮುಂದಿನ ಕಟ್ಟೆಗೆ ಹೋದರು. ಯತೀಶನ ಮುಖ ಕೆಂಪಾಗಿತ್ತು. ಹರಿಣಾಕ್ಷಿ ಎದ್ದು ಹೋಗಿ ಅವರ ಪಕ್ಕದಲ್ಲೇ ಮಾರುಕಟ್ಟೆಯ ಕೊನೆಯ ತನಕ ನಡೆದಳು. ಅವರು ಹೋದ ಮೇಲೆ ಹಿಂದಿನ ಸಾಲಿನಿಂದ ಒಂದು ದನಿ ಕೇಳಿತು: “ಎಲ್ಲಾ ನಾಟಕ. ಮಗ ಕಾರಂಗೆ ಕೂಕಂಡಿದ್ದ, ಅಮ್ಮ ಇಲ್ಲಿ ಹರಿಶ್ಚಂದ್ರ.”

ಸರೋಜ ಆ ಕಡೆ ತಿರುಗಿ, “ಆರದ್? ಎದ್ರ್ ಬಂದ್ ಹೇಳಿ,” ಎಂದಳು. ಯಾರೂ ಬರಲಿಲ್ಲ. ಆಮೇಲೆ ಜಲಜಳಿಗೆ ಮೆಲ್ಲನೆ, “ನಾ ಅವ್ನ ನಂಬಿರ್ಲಿಲ್ಲೆ, ಹಾಂಗಾಯಿ ನಂಗೆ ನಷ್ಟ ಇಲ್ಲೆ. ನಿಂಗೆ ಆದ್,” ಎಂದಳು. ಸಮಾಧಾನದ ಮಾತಾಗಿ ಜಲಜಳಿಗೆ ಸಿಕ್ಕಿದ್ದು ಅದೊಂದೇ.

ಓಟಿನ ದಿನ ಅವಳು ಶಾಲೆಯ ಸಾಲಿನಲ್ಲಿ ನಿಂತು ಒಳಗೆ ಹೋದಳು. ಯಂತ್ರದ ಮುಂದೆ ಬಹಳ ಹೊತ್ತು ನಿಂತಿದ್ದಕ್ಕೆ ಮೇಜಿನ ಆಚೆಯಿಂದ “ಬೇಗ ಅಮ್ಮ” ಎಂದರು. ಅವಳು ಇಪ್ಪವ್ರ ಗುಂಡಿ ಒತ್ತಿದಳು. ಅವರ ಮೇಲೆ ನಂಬಿಕೆ ಬಂದದ್ದರಿಂದಲ್ಲ. ಪ್ರೇಮಾನಂದ ಸೇರಿದ ಪಕ್ಷ ಸೋಲಲಿ ಎಂದು. ಯಾರೋ ಸೋಲಲಿ ಎಂದು ಅವಳು ಓಟು ಹಾಕಿದ್ದು ಅದೇ ಮೊದಲು. ಹೊರಗೆ ಬಂದಾಗ ಮನಸ್ಸು ಹಗುರವಾಗಿರಲಿಲ್ಲ.

ಬಪ್ಪವ್ರು ಗೆದ್ದರು. ಮಳೆಗಾಲದ ಹೊತ್ತಿಗೆ ಪ್ರೇಮಾನಂದ ಯಾವುದೋ ನಿಗಮದ ನಿರ್ದೇಶಕನಾದ. ಯತೀಶನಿಗೆ ಅವನ ಹೊಸ ಕಾರಿನ ಚಾಲಕನ ಕೆಲಸ ಸಿಕ್ಕಿತು. ಜಲಜಳಿಗೂ ಏನೋ ಸಂದಿದೆ ಎಂಬುದಕ್ಕೆ ಮಾರುಕಟ್ಟೆಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಕಡಲ ಗೋಡೆಗೆ ಕಲ್ಲೂ ಬಂತು. ಕೇರಿಯ ತೆಂಕಣ ತುದಿಯಿಂದ ಶುರುವಾದ ಕೆಲಸ, ಮಳೆ ಜೋರಾದದ್ದೇ ಅರ್ಧಕ್ಕೆ ನಿಂತಿತು. ಜಲಜಳ ಮನೆ ಇನ್ನೂ ದೂರವಿತ್ತು.

ಒಂದು ಬೆಳಿಗ್ಗೆ ಅವಳು ಬುಟ್ಟಿ ಹೊತ್ತು ಬಸ್ಸಿಗೆ ಕಾಯುತ್ತಿದ್ದಾಗ ಯತೀಶ ಕಾರು ನಿಲ್ಲಿಸಿದ.

“ಅಮ್ಮ, ಹತ್ತ್. ಕುಂದಾಪುರಕ್ಕೆ ಬಿಡ್ತೆ.”

“ಕಾರಿಗೆ ಮೀನ್ ವಾಸ್ನೆ ಹೊಡೀತ್. ನಿನ್ ಅಣ್ಣ ಬೈತ.”

“ಪ್ರೇಮಣ್ಣ ಊರಂಗಿಲ್ಲೆ. ಬೆಂಗ್ಳೂರಿಗೆ ಹೋಯ್ನ.” ಅವನು ಇಳಿದು ಬಂದ. “ಇನ್ನೂ ಸಿಟ್ಟ ನಿಂಗೆ?”

ಜಲಜ ಮಗನ ಮುಖ ನೋಡಿದಳು. ಅವನು ನಿಜವಾಗಿಯೂ ಕೇಳುತ್ತಿದ್ದ. ಅವನಿಗೆ ಅಮ್ಮ ಬೇಕಾಗಿತ್ತು, ಅದೂ ನಿಜವಿರಬಹುದು.

“ಸಿಟ್ಟ್ ಅಲ್ಲ ಮಗಾ. ಈಗ ನೀ ಅವ ಬೆಂಗ್ಳೂರಂಗೆ ಇದ್ದ ಅಂದೆ. ಮೊದ್ಲಾರೆ ಹೌದ್ ಅಂದ್ಕಂಡ್ ಸುಮ್ನಾತಿದ್ದೆ. ಈಗ, ಇದ್ದನೋ ಇಲ್ಯೋ ಅಂದೇಳಿ ಯೋಚ್ನೆ ಬತ್ತ್. ನೀ ಹಸಿವ್ ಆತ್ತ್ ಅಂದ್ರೂ ಯೋಚ್ನೆ ಬತ್ತ್.”

ಬಸ್ಸು ಬಂತು. ಯತೀಶ ಬುಟ್ಟಿ ಎತ್ತಿಕೊಡಲು ಕೈ ಹಾಕಿದ. ಅವಳು ಬೇಡ ಎನ್ನಲಿಲ್ಲ. ಅವನ ಕೈಯಿಂದ ತೆಗೆದುಕೊಂಡು, ಬಸ್ಸಿನ ಹಿಂದಿನ ಸೀಟಿನ ಬುಡದಲ್ಲಿಟ್ಟು, ಶಂಕರನಾರಾಯಣಕ್ಕೆ ಟಿಕೆಟು ಕೇಳಿದಳು.